ಗುರಿಗೆ ಮುನ್ನ ನಿಂತ ಚಕ್ರಗಳು

ಹಲಸೂರನ್ನು ಹಿಂದೆ ಬಿಟ್ಟು, ಇಂದಿರಾನಗರದ ಅಂಚನ್ನು ಸವರಿಕೊಂಡು, ಬೈಯಪ್ಪನಹಳ್ಳಿ ಬೆನ್ನಿಗಾನಹಳ್ಳಿಗಳ ಮಾರ್ಗವಾಗಿ ಕೃಷ್ಣರಾಜಪುರವನ್ನು ಸೇರುವ ಹಳೆಯ ಮದರಾಸು ರಸ್ತೆಯಲ್ಲಿ, ಮೆಟ್ರೋ ಕಂಬಗಳೂ ತೂಗುಸೇತುವೆಯೂ ಬರುವುದಕ್ಕೆ ಬಹುಕಾಲ ಮೊದಲು, ಬೆಳಗಿನ ಪಾಳಿಯ ಹೊತ್ತಿಗೆ ಕಾಣುತ್ತಿದ್ದ ದೃಶ್ಯವು ಮುಖ್ಯವಾಗಿ ಸೈಕಲ್ಲುಗಳದು. ವಿಮಾನ ಕಾರ್ಖಾನೆಯು 1940ರಲ್ಲಿಯೇ ಆರಂಭವಾಗಿತ್ತು. 1948ರಲ್ಲಿ ದೂರವಾಣಿ ತಯಾರಿಸುವ ದೂರವಾಣಿನಗರದ ಐ.ಟಿ.ಐ. ಸ್ಥಾಪಿತವಾಯಿತು, 1956ರಲ್ಲಿ ವಿದ್ಯುತ್ ಸಲಕರಣೆಗಳ ಎನ್.ಜಿ.ಇ.ಎಫ್. ಹುಟ್ಟಿತು. ಊಟದ ಡಬ್ಬಿಯನ್ನು ಕ್ಯಾರಿಯರಿಗೆ ಸಿಕ್ಕಿಸಿಕೊಂಡು, ಷರಾಯಿಯ ಅಂಚು ಚೈನಿಗೆ ಸಿಕ್ಕದಂತೆ ಕ್ಲಿಪ್ಪು ಹಾಕಿಕೊಂಡು, ಶಿವಾಜಿನಗರದ ಗಲ್ಲಿಗಳಿಂದಲೂ ಹಲಸೂರಿನ ವಠಾರಗಳಿಂದಲೂ ಹೊರಟು, ಸೈರನ್ ಕೂಗುವುದರೊಳಗೆ ಗೇಟನ್ನು ಮುಟ್ಟಲೇಬೇಕೆಂಬ ಆತುರದಿಂದ ಎದುರುಗಾಳಿಯನ್ನು ಸೀಳಿಕೊಂಡು ತುಳಿಯುತ್ತಿದ್ದ ಆ ಜನರಲ್ಲಿ, ಸರಿಯಾದ ವಯಸ್ಸಿನಲ್ಲಿ ಸರಿಯಾದ ಗುರುವು ದೊರೆತಿದ್ದರೆ ಜಗತ್ತಿನ ಯಾವ ಪಂದ್ಯದಲ್ಲಿಯಾದರೂ ನಿಲ್ಲಬಲ್ಲ ಶ್ವಾಸಕೋಶವುಳ್ಳವರು ಎಷ್ಟು ಮಂದಿ ಇದ್ದರೋ ಯಾರೂ ಅಳೆದು ನೋಡಲಿಲ್ಲ. ಸೈಕಲ್ಲು ಹೊಟ್ಟೆಪಾಡಿನ ಸಾಧನವಾಗಿತ್ತು. ಅದರಿಂದ ಕೀರ್ತಿಯು ಬರಬಹುದೆಂಬುದು ಯಾರ ಕಲ್ಪನೆಯಲ್ಲಿಯೂ ಇರಲಿಲ್ಲ.

ಹಲಸೂರು ಶಿವಾಜಿನಗರಗಳ ಇದೇ ದಂಡುಪ್ರದೇಶವು ಕ್ರೀಡೆಯ ವಿಷಯದಲ್ಲಿ ಬಂಜರು ಭೂಮಿಯೇನೂ ಆಗಿರಲಿಲ್ಲವೆಂಬುದನ್ನು ನೆನೆದರೆ ವ್ಯಥೆಯು ಇಮ್ಮಡಿಯಾಗುತ್ತದೆ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತದ ಫುಟ್‌ಬಾಲ್ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಫ್ರಾನ್ಸಿನ ವಿರುದ್ಧ ನಮ್ಮ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಈ ಊರಿನವರೇ. ಅದೇ ಕ್ರೀಡಾಕೂಟಕ್ಕೆ ಭಾರತವು ಸೈಕಲ್ ತಂಡವನ್ನೂ ಕಳುಹಿಸಿತ್ತು. ಆದರೆ ಅದರಲ್ಲಿದ್ದವರು ಬಹುಮಟ್ಟಿಗೆ ಪಾರಸಿ ತರುಣರು. ಹಲಸೂರಿನ ಗೌತಮಪುರದ ಹುಡುಗನು ಬರಿಗಾಲಲ್ಲಿ ಚೆಂಡನ್ನು ಚೆನ್ನಾಗಿ ಆಡಿದರೆ, ಐ.ಟಿ.ಐ. ಮೊದಲಾದ ಕಾರ್ಖಾನೆಗಳು ಅವನನ್ನು ಕರೆದು ಕೆಲಸ ಕೊಡುತ್ತಿದ್ದ ಒಂದು ಕಾಲವಿತ್ತು. ಮೈದಾನದಲ್ಲಿ ಗಳಿಸಿದ ಹೆಸರು ಹಾಜರಿ ಪುಸ್ತಕದಲ್ಲಿಯೂ ಏರುತ್ತಿತ್ತು. ಸೈಕಲ್ ತುಳಿಯುವುದರಲ್ಲಿ ಅದ್ವಿತೀಯನಾದವನಿಗಾದರೋ ಆ ಕಾರ್ಖಾನೆಗಳು ಒದಗಿಸಿದ್ದು ಗೇಟಿನೊಳಗಿನ ಸೈಕಲ್ ಸ್ಟ್ಯಾಂಡನ್ನು ಮಾತ್ರ.

ಹಾಗೆಂದು ವೃತ್ತಿಪರ ಸೈಕಲ್ ಸವಾರನನ್ನು ನಮ್ಮ ಬೀದಿಗಳು ಕಂಡೇ ಇರಲಿಲ್ಲವೆನ್ನುವಂತಿಲ್ಲ. ವಯಸ್ಸಾದ ಓದುಗರಿಗೆ ನೆನಪಿರಬಹುದು: ಬಡಾವಣೆಯ ಖಾಲಿ ಮೈದಾನವೊಂದರಲ್ಲಿ ನಾಲ್ಕು ಕಂಬ ನೆಟ್ಟು, ಬಣ್ಣದ ಕಾಗದದ ತೋರಣ ಕಟ್ಟಿ, ಧ್ವನಿವರ್ಧಕದಲ್ಲಿ ಕನ್ನಡ ತಮಿಳು ಹಿಂದಿ ಚಿತ್ರಗೀತೆಗಳನ್ನು ಸರದಿಯಾಗಿ ಹಾಕಿ, ಒಬ್ಬ ಕೃಶಕಾಯದ ಮನುಷ್ಯನು ನೆಲಕ್ಕೆ ಕಾಲೂರದೆ ಹಗಲಿರುಳು, ಕೆಲವೊಮ್ಮೆ ವಾರಗಟ್ಟಲೆ, ವೃತ್ತಾಕಾರವಾಗಿ ಸೈಕಲ್ ತುಳಿಯುತ್ತಿದ್ದನು. ಸ್ನಾನವೂ ಸೈಕಲ್ಲಿನ ಮೇಲೆಯೇ, ಊಟವೂ ಅದರ ಮೇಲೆಯೇ. ಸಾಯಂಕಾಲ ಜನ ಸೇರಿದಾಗ ನೆಲದ ಮೇಲಿನ ನೋಟನ್ನು ಬಾಗಿ ಎತ್ತುವುದು, ಹ್ಯಾಂಡಲಿನ ಮೇಲೆ ಮಲಗುವುದು, ಎದೆಯ ಮೇಲೆ ಟ್ಯೂಬ್‌ಲೈಟು ಒಡೆಸಿಕೊಳ್ಳುವುದು ಮುಂತಾದ ಚಮತ್ಕಾರಗಳು ನಡೆಯುತ್ತಿದ್ದುವು. ಕೊನೆಯ ದಿನ ಊರಿನ ದೊಡ್ಡವರು ಹಾರ ಹಾಕಿ ಅಂಗಿಗೆ ನೋಟುಗಳನ್ನು ಪಿನ್ನು ಮಾಡುತ್ತಿದ್ದರು. ಅನಂತರ ಅವನು ತನ್ನ ಸಂಸಾರದೊಂದಿಗೆ ಇನ್ನೊಂದು ಬಡಾವಣೆಗೆ ಹೋಗುತ್ತಿದ್ದನು. ನಾವು ಅದನ್ನು ಸರ್ಕಸ್ಸೆಂದು ಕರೆದು ನಗುತ್ತಿದ್ದೆವು. ಆದರೆ ನಿದ್ರೆಯನ್ನು ಗೆದ್ದು, ಒಂದೇ ಲಯದಲ್ಲಿ ದಿನಗಟ್ಟಲೆ ಪೆಡಲು ತುಳಿಯಬಲ್ಲ ಆ ಸಹನಶಕ್ತಿಯು ಯೂರೋಪಿನ ತಂಡವೊಂದರ ವೈದ್ಯನ ಕಣ್ಣಿಗೆ ಬಿದ್ದಿದ್ದರೆ ಅವನು ಅಷ್ಟು ಸುಲಭವಾಗಿ ನಗುತ್ತಿದ್ದನೆಂದು ನನಗೆ ತೋರುವುದಿಲ್ಲ. ಸೈಕಲ್ಲನ್ನು ತುಳಿಯುವುದರಿಂದಲೇ ಅನ್ನ ಸಂಪಾದಿಸಿದ ಆ ಅನಾಮಿಕರು ನಮ್ಮ ನಗರದ ಪೂರ್ವಭಾಗದ ಮೊದಲ ವೃತ್ತಿಪರರು. ಅವರ ವೃತ್ತದ ಪರಿಧಿಯನ್ನು ಯಾರೂ ಅಳೆಯಲಿಲ್ಲ, ಕ್ರಮಿಸಿದ ದೂರವನ್ನು ಯಾರೂ ಬರೆದಿಡಲಿಲ್ಲ.

ಈ ಕ್ರೀಡೆಯು ವ್ಯವಸ್ಥಿತವಾಗಿ ಬೆಳೆದಿರುವ ದೇಶಗಳಲ್ಲಿ ಪ್ರತಿಭೆಯು ಸುರಕ್ಷಿತವಾಗಿರುತ್ತದೆಂದು ತಿಳಿಯುವುದೂ ಭ್ರಮೆಯೇ. ಅಮೆರಿಕದ ಟೇಲರ್ ಫಿನ್ನಿಯ ತಂದೆತಾಯಿಗಳಿಬ್ಬರೂ ಒಲಿಂಪಿಕ್ ಪದಕ ಪಡೆದ ಸೈಕಲ್ ಪಟುಗಳು. ಅವನು ಹದಿಹರೆಯ ಮುಗಿಯುವುದರೊಳಗೆ ಟ್ರ್ಯಾಕಿನಲ್ಲಿ ವಿಶ್ವಚಾಂಪಿಯನ್ ಆದನು. 2012ರಲ್ಲಿ ಇಟಲಿಯ ಜೀರೊ ಸ್ಪರ್ಧೆಯ ಮೊದಲ ದಿನವೇ ಗೆದ್ದು ನಾಯಕನ ಗುಲಾಬಿ ಅಂಗಿಯನ್ನು ತೊಟ್ಟನು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನ ರಸ್ತೆ ಓಟ, ಟೈಮ್ ಟ್ರಯಲ್ ಎರಡರಲ್ಲಿಯೂ ನಾಲ್ಕನೆಯವನಾಗಿ ಬಂದನು. ಇಷ್ಟು ಎಳೆಯ ವಯಸ್ಸಿಗೇ ಇಷ್ಟನ್ನು ಕಂಡವನು ಮುಂದೆ ಏನಾಗಲಾರನೆಂದು ಜನ ಲೆಕ್ಕ ಹಾಕುತ್ತಿರುವಾಗಲೇ, 2014ರ ಮೇ ತಿಂಗಳಲ್ಲಿ ಚಟಾನೂಗದ ರಾಷ್ಟ್ರೀಯ ಪಂದ್ಯದ ಇಳಿಜಾರಿನಲ್ಲಿ ಬಿದ್ದು ಕಾಲಿನ ಮೂಳೆಯೂ ಮಂಡಿಚಿಪ್ಪೂ ಮುರಿದುವು. ಮರಳಿ ಬಂದನು, ತಕ್ಕಮಟ್ಟಿಗೆ ಓಡಿದನು, 2019ರಲ್ಲಿ ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಿಲ್ಲಿಸಿ ಚಿತ್ರಕಲೆಯತ್ತ ತಿರುಗಿದನು. ಒಂದು ತಿರುವಿನಲ್ಲಿ ಒಂದು ಕ್ಷಣ; ಉಳಿದುದೆಲ್ಲವೂ ಅದರ ಪರಿಣಾಮ.

ಫಿನ್ನಿಯ ದುರಂತವು ಕಣ್ಣಿಗೆ ಕಾಣುವಂಥದು. ಕಾಣದಂಥವು ಇನ್ನೂ ಕ್ರೂರ. 2012ರಲ್ಲಿ ತರುಣರ ಜೀರೊ ಸ್ಪರ್ಧೆಯನ್ನು ಗೆದ್ದವನು ಜೋ ಡೊಂಬ್ರೌಸ್ಕಿ. ಅವನ ಹಿಂದೆ ಎರಡನೆಯವನಾಗಿ ಬಂದವನು ಫಾಬಿಯೊ ಆರು. ಮೂರು ವರ್ಷಗಳಲ್ಲಿ ಎರಡನೆಯವನು ಸ್ಪೇನಿನ ವುಯೆಲ್ತಾ ಪ್ರವಾಸಸ್ಪರ್ಧೆಯನ್ನು ಗೆದ್ದನು. ಮೊದಲನೆಯವನು ಅಷ್ಟರಲ್ಲಿ ಸೊಂಟದ ಕೆಳಗಿನ ರಕ್ತನಾಳದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದನು. ವರ್ಷಕ್ಕೆ ಸಾವಿರಾರು ಮೈಲಿ ಮುಂದಕ್ಕೆ ಬಾಗಿ, ತೊಡೆಯನ್ನು ಹೊಟ್ಟೆಯವರೆಗೆ ಎತ್ತಿ ಎತ್ತಿ ತುಳಿಯುವವರಲ್ಲಿ ಕಾಲಿಗೆ ರಕ್ತವನ್ನೊಯ್ಯುವ ಮಹಾನಾಳವು ಕೆಲವರಿಗೆ ಮಡಿಚಿಕೊಂಡು ಒಳಗೋಡೆ ದಪ್ಪವಾಗುತ್ತದೆ. ನಡೆಯುವಾಗ ನೋವಿಲ್ಲ, ಮೆಟ್ಟಿಲು ಹತ್ತುವಾಗ ನೋವಿಲ್ಲ. ಬೆಟ್ಟದ ಏರಿನಲ್ಲಿ ಸರ್ವಶಕ್ತಿಯನ್ನೂ ಹಾಕುವ ಹೊತ್ತಿನಲ್ಲಿ ಮಾತ್ರ ಒಂದು ಕಾಲು ಸತ್ತಂತಾಗುತ್ತದೆ. ರೋಗವು ಗೊತ್ತಾಗುವವರೆಗೆ ಹುಡುಗನು ಸೋಮಾರಿಯೆಂದೋ ಅವನಿಗೆ ಎದೆಗಾರಿಕೆಯಿಲ್ಲವೆಂದೋ ತಂಡದವರು ಆಡಿಕೊಳ್ಳುತ್ತಾರೆ. ಇತ್ತ ಫಾಬಿಯೊ ಆರು ಕೂಡ ಆ ಒಂದು ಮಹಾವಿಜಯಕ್ಕೆ ಇನ್ನೊಂದನ್ನು ಸೇರಿಸಲಾರದೆ 2021ರಲ್ಲಿ ನಿವೃತ್ತನಾದನು.

ಜರ್ಮನಿಯ ಯಾನ್ ಉಲ್ರಿಚ್ 1997ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೆ ಟೂರ್ ಡಿ ಫ್ರಾನ್ಸ್ ಗೆದ್ದು, ಮತ್ತೆಂದೂ ಅದನ್ನು ಗೆಲ್ಲದೆ, ಉದ್ದೀಪನ ಔಷಧದ ಕೆಸರಿನಲ್ಲಿ ಮುಳುಗಿದ ಕಥೆಯೂ, ಬೆಲ್ಜಿಯಮ್ಮಿನ ಫ್ರಾಂಕ್ ವಾಂಡೆನ್‌ಬ್ರೂಕ್ ಮೂವತ್ನಾಲ್ಕಕ್ಕೆ ಸೆನೆಗಲ್ಲಿನಲ್ಲಿ ಸತ್ತ ಕಥೆಯೂ ಎಲ್ಲರಿಗೂ ಗೊತ್ತಿರತಕ್ಕವು. ಅವನ್ನು ವಿಸ್ತರಿಸುವುದರಲ್ಲಿ ನನಗೆ ರುಚಿಯಿಲ್ಲ. ಅವರು ಏರಿದರು, ಇಳಿದರು. ಏರಲು ಅವರಿಗೆ ನಿಚ್ಚಣಿಕೆಯಾದರೂ ಇದ್ದಿತು: ಊರಿನ ಸೈಕಲ್ ಸಂಘ, ಭಾನುವಾರದ ಕಿರಿಯರ ಪಂದ್ಯ, ಇಪ್ಪತ್ತಮೂರರ ಒಳಗಿನವರ ತಂಡ, ಅನಂತರ ಸಂಬಳದ ಕರಾರು.

ನಮ್ಮಲ್ಲಿ ಆ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲುಗಳೇ ಇರಲಿಲ್ಲವೆಂಬುದಕ್ಕೆ ಬೆಂಗಳೂರಿನ ನವೀನ್ ಜಾನ್ ಅವರಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುವಾಗ ಸ್ಪರ್ಧೆಯ ಸೈಕಲ್ಲಿನ ಗೀಳು ಹತ್ತಿಸಿಕೊಂಡ ಅವರು, ಇಲ್ಲಿಗೆ ಬಂದ ಮೇಲೆ ನಂದಿಬೆಟ್ಟದ ಏರನ್ನೂ ಹೆದ್ದಾರಿಗಳ ನಸುಕನ್ನೂ ತಮ್ಮ ಪಾಠಶಾಲೆಯಾಗಿ ಮಾಡಿಕೊಂಡು, 2014ರಲ್ಲಿ ಟೈಮ್ ಟ್ರಯಲ್ಲಿನ ರಾಷ್ಟ್ರೀಯ ಚಾಂಪಿಯನ್ ಆದರು. ಬೆಲ್ಜಿಯಮ್ಮಿಗೆ ಹೋಗಿ ಅಲ್ಲಿನ ಹಳ್ಳಿಜಾತ್ರೆಯ ಓಟಗಳಲ್ಲಿ ಸ್ಥಳೀಯ ಹುಡುಗರೊಡನೆ ಭುಜಕ್ಕೆ ಭುಜ ತಾಗಿಸಿ ಓಡುವುದನ್ನು ಕಲಿತರು. 2016ರಲ್ಲಿ ಆಸ್ಟ್ರೇಲಿಯದ ಸ್ಟೇಟ್ ಆಫ್ ಮ್ಯಾಟರ್ ಮಾಪ್ ತಂಡವನ್ನು ಸೇರಿ, ಕಾಂಟಿನೆಂಟಲ್ ದರ್ಜೆಯ ತಂಡವೊಂದಕ್ಕೆ ಸಹಿ ಹಾಕಿದ ಮೊದಲ ಭಾರತೀಯರೆನಿಸಿದರು. ಅದೇ ವರ್ಷ ದೋಹಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ, ಮರುಭೂಮಿಯ ಸೆಕೆಯಲ್ಲಿ, ಜರ್ಮನಿಯ ಟೋನಿ ಮಾರ್ಟಿನ್ ಗೆದ್ದ ನಲವತ್ತು ಕಿಲೋಮೀಟರಿನ ಅದೇ ಹಾದಿಯಲ್ಲಿ ಅವರೂ ಗಡಿಯಾರದ ವಿರುದ್ಧ ಓಡಿದರು.

ಕಾಂಟಿನೆಂಟಲ್ ಎಂಬುದು ವೃತ್ತಿಲೋಕದ ಮೂರನೆಯ ಅಂತಸ್ತು. ಮೇಲಿನ ಎರಡು ಅಂತಸ್ತುಗಳ ಸವಾರರಿಗೆ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಕನಿಷ್ಠ ವೇತನವನ್ನು ವಿಧಿಸಿದೆ. ಮೂರನೆಯದಕ್ಕೆ ಆ ರಕ್ಷಣೆಯಿಲ್ಲ. ಯೂರೋಪಿನ ಹುಡುಗನು ಹತ್ತೊಂಬತ್ತಕ್ಕೆ ಅಲ್ಲಿ ಹೊಕ್ಕು ಇಪ್ಪತ್ತೆರಡರ ವೇಳೆಗೆ ಮೇಲಕ್ಕೆ ಹೋಗುವುದೋ ಮನೆಗೆ ಹೋಗುವುದೋ ಎಂಬುದನ್ನು ತಿಳಿದುಕೊಳ್ಳುತ್ತಾನೆ. ನಮ್ಮ ನವೀನ್ ಜಾನ್ ಆ ಬಾಗಿಲನ್ನು ಮುಟ್ಟುವಾಗ ಮೂವತ್ತರ ಸಮೀಪದಲ್ಲಿದ್ದರು. ಅವರನ್ನು ಬಾಡಿದವರೆನ್ನುವುದು ಅನ್ಯಾಯವಾದೀತು. ಹದಿನಾರರಿಂದ ಇಪ್ಪತ್ತೆರಡರವರೆಗಿನ ಆರು ವರ್ಷಗಳನ್ನು ಈ ನಾಡಿನಲ್ಲಿ ಅವರಿಗೆ ಕೊಡಬಲ್ಲವರು ಯಾರೂ ಇರಲಿಲ್ಲ.

ಆ ಆರು ವರ್ಷಗಳು ಧಾರಾಳವಾಗಿರುವ ಹುಡುಗರು ಉತ್ತರ ಕರ್ನಾಟಕದಲ್ಲಿದ್ದಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ಎಂದರೆ ಊರೇ ರಸ್ತೆಯ ಎರಡು ಬದಿಗೆ ನಿಲ್ಲುತ್ತದೆ. ವಿಜಯಪುರದ ಕ್ರೀಡಾನಿಲಯದಿಂದ ಬಂದ ಹುಡುಗರೂ ಹುಡುಗಿಯರೂ ರಾಷ್ಟ್ರೀಯ ಪದಕಗಳನ್ನು ಧಾರಾಳವಾಗಿ ತಂದಿದ್ದಾರೆ. ಆದರೆ ಪದಕಕ್ಕೆ ನಮ್ಮಲ್ಲಿ ಒಂದೇ ಫಲ: ರೈಲ್ವೆಯಲ್ಲೋ ಸೈನ್ಯದಲ್ಲೋ ಕ್ರೀಡಾ ಕೋಟಾದ ನೌಕರಿ. ರೈತನ ಮಗನಿಗೆ ಅದು ಸಣ್ಣ ಮಾತಲ್ಲ, ಅದನ್ನು ಹೀಗಳೆಯುವ ಅಧಿಕಾರ ನಗರದಲ್ಲಿ ಕುಳಿತು ಬರೆಯುವವನಿಗೆ ಇಲ್ಲ. ಆದರೂ ಇಪ್ಪತ್ತೊಂದಕ್ಕೆ ನೌಕರಿ ದೊರೆತು ಇಪ್ಪತ್ತೈದಕ್ಕೆ ಪಂದ್ಯ ನಿಲ್ಲುವುದಾದರೆ, ಆ ಸೈಕಲ್ಲು ತಾನು ಹೋಗಬೇಕಾದ ಸ್ಥಳವನ್ನು ತಲಪಿತೆಂದು ಅವನ ಮನೆಯವರು ಹೇಳಬಹುದು, ಕ್ರೀಡೆಯು ಹೇಳಲಾರದು. ವಿಜಯಪುರದ ಭೂತನಾಳದಲ್ಲಿ ಕೈಗೊಂಡ ವೆಲೊಡ್ರೋಮಿನ ಕೆಲಸವು ವರ್ಷಾನುಗಟ್ಟಲೆ ಎಳೆದಾಡಿದ ಬಗೆಯನ್ನು ಅಲ್ಲಿಯವರು ಈಗ ನಗುತ್ತ ಹೇಳುತ್ತಾರೆ, ಅಷ್ಟು ಹಳೆಯದು ಆ ದೂರು.

ವೆಲೊಡ್ರೋಮ್ ಎಂದರೆ ತಿರುವುಗಳಲ್ಲಿ ಗೋಡೆಯಂತೆ ಎದ್ದ ಓಟದ ಅಂಗಳ. ಅಂತರರಾಷ್ಟ್ರೀಯ ಅಳತೆ 250 ಮೀಟರು. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಮರದ ಹಾಸಿನ ಅಂಥದೊಂದು ಅಂಗಳ ಕಟ್ಟಿದರು. ಅದರ ಫಲವನ್ನು ನೋಡಿ: ಅಂಡಮಾನಿನ ಎಸೊ ಆಲ್ಬೆನ್ 2018ರಲ್ಲಿ ಕಿರಿಯರ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದನು, ಮರುವರ್ಷ ಅವನೂ ಮಣಿಪುರದ ರೊನಾಲ್ಡೊ ಸಿಂಗ್ ಮುಂತಾದವರೂ ಸೇರಿ ಕಿರಿಯರ ತಂಡ ಸ್ಪ್ರಿಂಟಿನಲ್ಲಿ ಚಿನ್ನವನ್ನೇ ತಂದರು, 2022ರಲ್ಲಿ ರೊನಾಲ್ಡೊ ಏಷ್ಯಾ ಚಾಂಪಿಯನ್‌ಷಿಪ್ಪಿನ ಸ್ಪ್ರಿಂಟಿನಲ್ಲಿ ಬೆಳ್ಳಿ ಪಡೆದನು. ಹನ್ನೆರಡು ವರ್ಷಗಳಲ್ಲಿ ಒಂದು ಅಂಗಳವು ಇಷ್ಟನ್ನು ಮಾಡಿತು. ಇಷ್ಟಾದರೂ ಟೋಕಿಯೊಗಾಗಲಿ ಪ್ಯಾರಿಸ್ಸಿಗಾಗಲಿ ನಮ್ಮ ಒಬ್ಬ ಸವಾರನೂ ಹೋಗಲಿಲ್ಲ. ಒಲಿಂಪಿಕ್ಸಿನಲ್ಲಿ ಭಾರತದ ಸೈಕಲ್ ಕೊನೆಯದಾಗಿ ಉರುಳಿದ್ದು 1964ರಲ್ಲಿ. ಕಿರಿಯರ ಚಿನ್ನಕ್ಕೂ ಹಿರಿಯರ ಅರ್ಹತೆಗೂ ನಡುವೆ ಇರುವ ಮೂರು ನಾಲ್ಕು ವರ್ಷಗಳು ಪ್ರಪಂಚದ ಎಲ್ಲೆಡೆಯೂ ಪ್ರತಿಭೆಗೆ ಕಂಟಕಪ್ರಾಯವಾದವು. ನಮ್ಮಲ್ಲಿ ಆ ವರ್ಷಗಳಿಗೆ ಸಂಬಳವೂ ಇಲ್ಲ, ಪಂದ್ಯಗಳೂ ಇಲ್ಲ.

ಈಗ ಇಂದಿರಾನಗರದ ನೂರಡಿ ರಸ್ತೆಯ ಕಡೆ ಲಕ್ಷಗಟ್ಟಲೆ ಬೆಲೆಯ ಇಂಗಾಲನಾರಿನ ಸೈಕಲ್ಲುಗಳು ದೊರೆಯುತ್ತವೆ. ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಕೂಡದೆಂಬ ನಿಯಮವನ್ನು ಕೊಳ್ಳುವವರೇ ಅಂಗಡಿಯವನಿಗೆ ಹೇಳಿಕೊಡುತ್ತಾರೆ. ಭಾನುವಾರ ಬೆಳಗ್ಗೆ ಹೊಸಕೋಟೆಯ ಕಡೆಗೆ ಹೋಗುವ ಗುಂಪುಗಳಲ್ಲಿ ನಲವತ್ತು ದಾಟಿದ ಅಧಿಕಾರಿಗಳು ಬಹಳ, ಹದಿನಾರರ ಹುಡುಗರು ವಿರಳ. ಹವ್ಯಾಸವನ್ನು ನಾನು ನಿಂದಿಸುತ್ತಿಲ್ಲ, ಅದರಿಂದ ಅವರ ಎದೆಗೂ ಊರಿನ ಗಾಳಿಗೂ ಒಳಿತೇ. ಆದರೆ ವೈಟ್‌ಫೀಲ್ಡಿನಲ್ಲಿಯೂ ಇಂದಿರಾನಗರದಲ್ಲಿಯೂ ಕಚೇರಿ ಮಾಡಿಕೊಂಡಿರುವ ಸಂಸ್ಥೆಗಳು ವರ್ಷಕ್ಕೊಮ್ಮೆ ತಮ್ಮ ಹೆಸರಿನ ಅಂಗಿ ಹಂಚಿ ಒಂದು ದಿನದ ಸವಾರಿ ನಡೆಸುವುದಕ್ಕೆ ಮಾಡುವ ವೆಚ್ಚದಲ್ಲಿ ಸ್ವಲ್ಪ ಭಾಗವನ್ನಾದರೂ ತೆಗೆದಿಟ್ಟು, ಜಮಖಂಡಿಯ ಒಬ್ಬ ಹುಡುಗನನ್ನೋ ಹಲಸೂರಿನ ಒಬ್ಬ ಹುಡುಗಿಯನ್ನೋ ಹದಿನೆಂಟನೆಯ ವಯಸ್ಸಿನಲ್ಲಿ ನೌಕರಿಗೆ ತೆಗೆದುಕೊಂಡು, ಕಚೇರಿಗೆ ಬರುವುದು ಬೇಡ, ನಾಲ್ಕು ವರ್ಷ ಯೂರೋಪಿನಲ್ಲಿ ಓಡಿ ಬಾ, ಗೆದ್ದರೂ ಸೋತರೂ ನಿನ್ನ ಮೇಜು ಇಲ್ಲಿರುತ್ತದೆ ಎಂದು ಬರೆದು ಕೊಡಲಿ. ಐ.ಟಿ.ಐ.ಯು ಫುಟ್‌ಬಾಲ್ ಆಟಗಾರರಿಗೆ ಕೆಲಸ ಕೊಟ್ಟಾಗ ಅದರ ಬಳಿ ಇಂದಿನ ಈ ಸಂಸ್ಥೆಗಳಷ್ಟು ಹಣವಿರಲಿಲ್ಲ.