ಸುಳ್ಳು ಪ್ರವಾದಿಗಳನ್ನು ಗುರುತಿಸುವುದು ಹೇಗೆ?

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಒಂದು ಬಾಡಿಗೆ ಮನೆಯನ್ನು ಊಹಿಸಿಕೊಳ್ಳಿ. ಉದ್ಯೋಗಕ್ಕಾಗಿ ಕರಾವಳಿಯಿಂದ ಹೋಗಿ ನೆಲೆಸಿದ ಒಂದು ಕಥೋಲಿಕ ಕುಟುಂಬ. ಮನೆಯ ತಾಯಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಪರಿಚಿತರೊಬ್ಬರು ಕರೆತಂದ ಬೋಧಕನೊಬ್ಬ ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾನೆ. ದೇವರು ತನಗೆ ತಿಳಿಸಿದ್ದಾರೆ, ನೀವು ಗುಣವಾಗಿದ್ದೀರಿ, ಇನ್ನು ಔಷಧಿ ತೆಗೆದುಕೊಂಡರೆ ಅದು ಅವಿಶ್ವಾಸ ಎನ್ನುತ್ತಾನೆ. ಹೋಗುವಾಗ ಕಾಣಿಕೆಯ ಲಕೋಟೆ ಕೇಳುತ್ತಾನೆ. ಈ ವಿಷಯ ಧರ್ಮಗುರುಗಳಿಗೆ ಹೇಳಬೇಡಿ, ಅವರಿಗೆ ಇದು ಅರ್ಥವಾಗುವುದಿಲ್ಲ ಎಂದೂ ಎಚ್ಚರಿಸುತ್ತಾನೆ.

ಇದು ಕಲ್ಪಿತ ಮನೆ. ಆದರೆ ಇಂತಹ ಮಾತು ಕಿವಿಗೆ ಬೀಳದ ಧರ್ಮಕೇಂದ್ರಗಳು ವಿರಳ. ಹಾಗಾದರೆ ಆ ತಾಯಿ ಏನು ಮಾಡಬೇಕು? ಬಂದವನು ದೇವರ ಸೇವಕನೋ, ಸುಳ್ಳು ಪ್ರವಾದಿಯೋ ಎಂಬುದನ್ನು ಆಕೆ ಹೇಗೆ ತಿಳಿಯಬೇಕು?

ಪ್ರವಾದಿ ಎಂದರೆ ಯಾರು?

ಪ್ರವಾದಿ ಎಂದರೆ ಭವಿಷ್ಯ ಹೇಳುವವನು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಬೈಬಲ್ಲಿನ ಪ್ರವಾದಿ ಮುಖ್ಯವಾಗಿ ದೇವರ ಮಾತನ್ನು ಜನರ ಮುಂದಿಡುವವನು. ಹೆಚ್ಚಿನ ಸಂದರ್ಭಗಳಲ್ಲಿ ಆ ಮಾತು ಜನರಿಗೆ ಹಿತವೆನಿಸಲಿಲ್ಲ. ಆಮೋಸನು ಬಡವರನ್ನು ತುಳಿಯುವವರನ್ನು ಖಂಡಿಸಿದನು. ನಾತಾನನು ಅರಸ ದಾವೀದನ ಮುಖಕ್ಕೇ ಅವನ ಪಾಪವನ್ನು ಹೇಳಿದನು. ಹಣ ಕೊಟ್ಟವರಿಗೆ ಸಮಾಧಾನ ಸಾರಿ, ಕೊಡದವರ ಮೇಲೆ ಯುದ್ಧ ಸಾರುವ ಪ್ರವಾದಿಗಳನ್ನು ಮೀಕನು ಛೀಮಾರಿ ಹಾಕಿದ್ದು ಅವನ ಗ್ರಂಥದ 3ನೇ ಅಧ್ಯಾಯದಲ್ಲಿದೆ.

ಯೆರೆಮೀಯನ 28ನೇ ಅಧ್ಯಾಯವನ್ನು ಪ್ರತಿಯೊಬ್ಬ ಪ್ರಾರ್ಥನಾಕೂಟದ ಮುಖಂಡರೂ ಓದಬೇಕು. ಬಾಬಿಲೋನಿನ ದಾಸ್ಯ ಎರಡೇ ವರ್ಷಗಳಲ್ಲಿ ಮುಗಿಯುತ್ತದೆ ಎಂದು ಹನನ್ಯನು ದೇವಾಲಯದಲ್ಲಿ ಎಲ್ಲರ ಮುಂದೆ ಘೋಷಿಸಿದನು. ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಕಿತ್ತು ಮುರಿದನು. ಹನನ್ಯನೂ ದೇವರ ಹೆಸರಿನಲ್ಲೇ ಮಾತನಾಡಿದ್ದನು, ಜನರ ಆಸೆಯನ್ನೇ ನುಡಿದಿದ್ದನು. ಯೆರೆಮೀಯನು ಕೂಗಾಡಲಿಲ್ಲ. ಹಾಗೆಯೇ ಆಗಲಿ ಎಂದು ಹಾರೈಸಿದನು. ಆದರೆ ಸಮಾಧಾನವನ್ನು ಸಾರುವವನ ಮಾತು ನೆರವೇರಿದಾಗ ಮಾತ್ರ ಅವನು ದೇವರು ಕಳುಹಿಸಿದವನೆಂದು ತಿಳಿಯುತ್ತದೆ ಎಂಬ ಅಳತೆಗೋಲನ್ನು ಮುಂದಿಟ್ಟನು. ಹಿತವಾದ ಮಾತು ಸತ್ಯವೇ ಆಗಬೇಕೆಂದಿಲ್ಲ ಎಂಬುದು ಇಲ್ಲಿನ ಮೊದಲ ಪಾಠ.

ಯೇಸುಸ್ವಾಮಿ ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಮರವನ್ನು ಫಲದಿಂದ ತಿಳಿಯಬೇಕೆಂದು ಕಲಿಸಿದರು. ಅದೇ ಅಧ್ಯಾಯದಲ್ಲಿ ಇನ್ನೂ ಗಂಭೀರವಾದ ಮಾತಿದೆ. ತಮ್ಮ ಹೆಸರಿನಲ್ಲಿ ಪ್ರವಾದನೆ ಮಾಡಿದವರನ್ನೂ ದೆವ್ವ ಬಿಡಿಸಿದವರನ್ನೂ ಅದ್ಭುತ ಮಾಡಿದವರನ್ನೂ ತಾವು ಅರಿಯೆವು ಎನ್ನುವ ದಿನ ಬರುತ್ತದೆ ಎಂದು ಅವರು ಎಚ್ಚರಿಸಿದ್ದಾರೆ. ಅಂದರೆ ಅದ್ಭುತವೇ ಪ್ರಮಾಣಪತ್ರವಲ್ಲ.

ಮೊದಲ ಕ್ರೈಸ್ತರು ಹೇಗೆ ಪರೀಕ್ಷಿಸಿದರು?

ಈ ಸಮಸ್ಯೆ ನಮ್ಮ ಕಾಲದ್ದಲ್ಲ. ಆದಿ ಧರ್ಮಸಭೆಯ ಕಾಲದ 'ದಿದಾಖೆ' ಎಂಬ ಚಿಕ್ಕ ಕೈಪಿಡಿಯ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪತ್ತೆಯಾಯಿತು. ಊರೂರು ಸುತ್ತುವ ಬೋಧಕರ ಬಗ್ಗೆ ಅದರಲ್ಲಿರುವ ನಿಯಮಗಳು ಸರಳವಾಗಿವೆ. ಬಂದವರನ್ನು ಆದರದಿಂದ ಬರಮಾಡಿಕೊಳ್ಳಬೇಕು. ಆದರೆ ಒಂದೆರಡು ದಿನಕ್ಕೆ ಬದಲು ಮೂರು ದಿನ ಠಿಕಾಣಿ ಹೂಡಿದರೆ, ಹೊರಡುವಾಗ ಹಣ ಕೇಳಿದರೆ, ಕಲಿಸುವುದನ್ನು ತಾನೇ ಪಾಲಿಸದಿದ್ದರೆ ಅವನು ಸುಳ್ಳು ಪ್ರವಾದಿ. ತನಗಲ್ಲದೆ ಕಷ್ಟದಲ್ಲಿರುವ ಇನ್ನೊಬ್ಬರಿಗಾಗಿ ಕೇಳಿದರೆ ಅವನನ್ನು ದೂರಬಾರದು. ದೊಡ್ಡ ದೇವಶಾಸ್ತ್ರ ತಿಳಿಯದ ಸಾಮಾನ್ಯ ವಿಶ್ವಾಸಿಯೂ ಬಳಸಬಹುದಾದ ಅಳತೆಗೋಲು ಇದು.

ಪರೀಕ್ಷೆಯನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉಗಾಂಡದ ಕನುಂಗು ಸಾಕ್ಷಿ. ಅಲ್ಲಿನ ಪಂಥ ಹುಟ್ಟಿದ್ದು ಕಥೋಲಿಕರ ನಡುವೆಯೇ. ಮಾತೆ ಮರಿಯಮ್ಮನವರ ದರ್ಶನವಾಗಿದೆ, ದಶಾಜ್ಞೆಗಳನ್ನು ಮತ್ತೆ ನೆಲೆಗೊಳಿಸಬೇಕು ಎಂಬುದು ಅದರ ಸಾರ. ಇದರಲ್ಲಿ ಕೇಳುಗರಿಗೆ ಯಾವ ಅಪಾಯವೂ ಕಾಣಲಿಲ್ಲ. 1999ರ ಅಂತ್ಯಕ್ಕೆ ಲೋಕಾಂತ್ಯ ಎಂದು ನಂಬಿ ಜನ ಆಸ್ತಿ ಮಾರಿ ಪಂಥಕ್ಕೆ ಒಪ್ಪಿಸಿದರು. ಹೊಸ ವರ್ಷ ಎಂದಿನಂತೆ ಬಂತು. ಕೊಟ್ಟದ್ದನ್ನು ಹಿಂದಿರುಗಿಸಿರೆಂದು ಕೆಲವರು ಕೇಳತೊಡಗಿದರು. 2000ದ ಮಾರ್ಚ್ 17ರಂದು ಮುಚ್ಚಿದ ಪ್ರಾರ್ಥನಾಲಯದಲ್ಲಿ ಹೊತ್ತಿದ ಬೆಂಕಿಯಲ್ಲಿ ಮಕ್ಕಳೂ ಸೇರಿ ನೂರಾರು ಮಂದಿ ಸತ್ತರು. 2023ರಲ್ಲಿ ಕೆನ್ಯಾದ ಶಕಹೋಲ ಕಾಡಿನಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆಯಲಾಯಿತು. ಉಪವಾಸವಿದ್ದು ಸತ್ತರೆ ಯೇಸುವನ್ನು ಸೇರಬಹುದೆಂದು ಅವರಿಗೆ ಬೋಧಿಸಲಾಗಿತ್ತು ಎಂಬುದು ಅಲ್ಲಿನ ಬೋಧಕನ ಮೇಲಿನ ಆರೋಪ.

ನಮ್ಮ ಮನೆಯಲ್ಲಿ ಔಷಧಿ ನಿಲ್ಲಿಸಿದ ತಾಯಿಗೂ ಕನುಂಗುವಿಗೂ ಬಹಳ ದೂರವಿದೆ ಎನಿಸಬಹುದು. ಮೊದಲ ಹೆಜ್ಜೆ ಮಾತ್ರ ಎರಡೂ ಕಡೆ ಒಂದೇ: ಪ್ರಶ್ನೆ ಕೇಳುವುದೇ ಪಾಪ ಎಂದು ಒಪ್ಪಿಕೊಳ್ಳುವುದು.

ಧರ್ಮಸಭೆ ತನ್ನನ್ನೂ ಪರೀಕ್ಷಿಸಿಕೊಳ್ಳುತ್ತದೆ

ದಾವಣಗೆರೆಯಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ, ತುಂಗಭದ್ರೆಯ ತೀರದ ಆ ಊರಿನಲ್ಲಿ, ಆರೋಗ್ಯ ಮಾತೆಯ ಪುಣ್ಯಕ್ಷೇತ್ರವಿದೆ. ಇದು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ಕಿರಿಯ ಬಸಿಲಿಕ. ಸೆಪ್ಟೆಂಬರ್ 8ರ ಮಹೋತ್ಸವಕ್ಕೆ ಜಾತಿ ಮತ ಭೇದವಿಲ್ಲದೆ ಜನ ಬರುತ್ತಾರೆ. ಕಾಯಿಲೆಯವರು, ಮಕ್ಕಳಿಲ್ಲದವರು, ಸಾಲದಲ್ಲಿ ಮುಳುಗಿದವರು ಮೇಣದಬತ್ತಿ ಹಚ್ಚಿ ಮೌನವಾಗಿ ಬೇಡಿಕೊಳ್ಳುತ್ತಾರೆ.

ಹಾಗಿದ್ದರೆ ಇದಕ್ಕೂ ಆ ಬೋಧಕನ ಕೆಲಸಕ್ಕೂ ವ್ಯತ್ಯಾಸವೇನು ಎಂದು ಯಾರಾದರೂ ಕೇಳಿದರೆ ಕೋಪಿಸಿಕೊಳ್ಳಬಾರದು. ಅದು ನ್ಯಾಯವಾದ ಪ್ರಶ್ನೆ. ಪುಣ್ಯಕ್ಷೇತ್ರದಲ್ಲಿ ಬೇಡಿಕೆಯಿದೆ, ಭರವಸೆಯಿದೆ. ನಿನಗೆ ಗುಣವಾಗಿಯೇ ಆಯಿತು ಎಂಬ ಘೋಷಣೆಯಿಲ್ಲ. ಗುಣವಾಗದಿದ್ದರೆ ನಿನ್ನ ವಿಶ್ವಾಸ ಸಾಲದು ಎಂಬ ಆಪಾದನೆ ಇರಕೂಡದು. ಬಲಿಪೂಜೆ, ಪಾಪನಿವೇದನೆ ಎಲ್ಲರಿಗೂ ತೆರೆದಿವೆ. ಬಡವರು ಬಡತನದ ಕಾರಣದಿಂದ ಸಂಸ್ಕಾರಗಳಿಂದ ವಂಚಿತರಾಗಬಾರದೆಂದು ಧರ್ಮಸಭೆಯ ಕಾನೂನು ಸಂಹಿತೆಯ 848ನೇ ವಿಧಿ ಹೇಳುತ್ತದೆ. 2024ರ ಆಗಸ್ಟ್ 1ರಂದು ವೇಳಾಂಕಣಿ ಪುಣ್ಯಕ್ಷೇತ್ರದ ಕುರಿತು ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಇಲಾಖೆ ತಂಜಾವೂರಿನ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಅನ್ಯಧರ್ಮೀಯರೂ ಅಲ್ಲಿ ಸಾಂತ್ವನ ಪಡೆಯುವುದನ್ನು ಆದರದಿಂದ ಸ್ಮರಿಸಿತು.

ಗುಣಪಡಿಸುವ ಪ್ರಾರ್ಥನೆಗಳ ಬಗ್ಗೆ 2000ದ ಸೆಪ್ಟೆಂಬರ್ 14ರಂದು ವ್ಯಾಟಿಕನ್ ಒಂದು ಸೂಚನೆ ಹೊರಡಿಸಿತು. ಇಂತಹ ಕೂಟಗಳಲ್ಲಿ ಉನ್ಮಾದ, ನಾಟಕೀಯತೆ, ಸಂಚಲನ ಎಬ್ಬಿಸುವಿಕೆ ಸಲ್ಲದು. ಗುಣವಾಯಿತೆಂಬ ಸಾಕ್ಷ್ಯಗಳನ್ನು ಜಾಗ್ರತೆಯಿಂದ ಸಂಗ್ರಹಿಸಿ ಧರ್ಮಾಧಿಕಾರಿಗಳಿಗೆ ಒಪ್ಪಿಸಬೇಕು ಎಂಬುದು ಅದರ ನಿಯಮ. 2024ರ ಮೇ 17ರಂದು ಹೊರಬಂದ ಹೊಸ ನಿಯಮಗಳ ಪ್ರಕಾರ, ದರ್ಶನ, ಕಣ್ಣೀರು ಸುರಿಸುವ ಪ್ರತಿಮೆ ಮೊದಲಾದವುಗಳ ಬಗ್ಗೆ ಧರ್ಮಾಧ್ಯಕ್ಷರು ತನಿಖೆ ನಡೆಸಬೇಕು. ಅಂತಿಮ ನಿರ್ಣಯಕ್ಕೆ ವ್ಯಾಟಿಕನ್ನಿನ ಒಪ್ಪಿಗೆ ಪಡೆಯಬೇಕು. ಒಂದು ಘಟನೆಯನ್ನು ದೈವಿಕವೆಂದು ಘೋಷಿಸುವುದು ಈಗ ಸಾಮಾನ್ಯ ಕ್ರಮವಲ್ಲ. ಲೂರ್ದಿನಲ್ಲಿ 1858ರಿಂದ ಸಾವಿರಾರು ಗುಣವಾದ ಪ್ರಕರಣಗಳು ವರದಿಯಾಗಿವೆ. 2025ರ ಏಪ್ರಿಲ್ ವರೆಗೆ ಅದ್ಭುತವೆಂದು ಧರ್ಮಸಭೆ ಒಪ್ಪಿದ್ದು 72 ಮಾತ್ರ. ಹತ್ತು ಮಂದಿ ಕುಷ್ಠರೋಗಿಗಳನ್ನು ಯೇಸುಸ್ವಾಮಿಯೇ ಯಾಜಕರ ಬಳಿ ಕಳುಹಿಸಿದ್ದು, ಅಂದಿನ ಕ್ರಮದಂತೆ ಪರೀಕ್ಷೆಗಾಗಿ ಎಂಬುದನ್ನು ನೆನೆಯಬೇಕು.

ನಾವು ಯಾವಾಗಲೂ ಹೀಗೆ ನಡೆದುಕೊಂಡಿದ್ದೇವೆ ಎಂದು ಹೇಳಲಾಗದು. 2012ರ ಮಾರ್ಚ್‌ನಲ್ಲಿ ಮುಂಬಯಿಯ ವಿಲೆ ಪಾರ್ಲೆಯಲ್ಲಿ ಶಿಲುಬೆಯ ಮೇಲಿನ ಯೇಸುವಿನ ಪ್ರತಿಮೆಯಿಂದ ನೀರು ತೊಟ್ಟಿಕ್ಕಿದಾಗ ಜನ ಅದನ್ನು ತೀರ್ಥವೆಂದು ಸಂಗ್ರಹಿಸಿದರು. ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಏರಿ ಬರುತ್ತಿದೆ ಎಂದು ವಿಚಾರವಾದಿ ಸನಲ್ ಎಡಮರುಕು ವಿವರಿಸಿದರು. ಕೆಲವು ಕಥೋಲಿಕ ಸಂಘಟನೆಗಳವರು ಅವರ ಮೇಲೆ ಪೊಲೀಸ್ ದೂರು ನೀಡಿದರು. ಅವರು ದೇಶ ಬಿಟ್ಟು ಹೋದರು. ಪರೀಕ್ಷೆಗೆ ಹೆದರುವ ಮನಸ್ಸು ನಮ್ಮೊಳಗೂ ಇದೆ.

ನಂಬಿಕೆ ಮೂಡುವುದು ಹೇಗೆ?

ಮೋಸ ಹೋದವರನ್ನು ಮೂರ್ಖರೆನ್ನುವುದು ತಪ್ಪು. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ ಮರುದಿನ ಎಷ್ಟೋ ಮಂದಿಗೆ ಏನೂ ಆಗುವುದಿಲ್ಲ. ಒಳಗೊಳಗೆ ಸಕ್ಕರೆ ಏರುತ್ತಿದ್ದರೂ ಕೆಲವು ದಿನ ಮೈ ಹಗುರವೆನಿಸಬಹುದು. ಅದನ್ನೇ ಗುಣವೆಂದು ಭಾವಿಸುತ್ತಾರೆ. ಇನ್ಸುಲಿನ್ ಇಲ್ಲದೆ ಬದುಕಲಾಗದ ಬಗೆಯ ರೋಗಿಗಳಿಗಾದರೋ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಇನ್ನು ಜನ ತುಂಬಿದ ಸಭೆಯಲ್ಲಿ 'ಇಲ್ಲಿ ಮಂಡಿನೋವಿನ ಒಬ್ಬ ಸಹೋದರಿ ಇದ್ದಾರೆ' ಎಂದರೆ ಅದು ತಪ್ಪುವ ಸಂಭವವೇ ಕಡಿಮೆ. ಪ್ರಾರ್ಥನಾ ಕೋರಿಕೆಯ ಚೀಟಿಯಿಂದಲೋ ವಾಟ್ಸಾಪ್ ಗುಂಪಿನಿಂದಲೋ ಮನೆಯ ವಿಷಯ ಮೊದಲೇ ತಿಳಿದಿರಬಹುದು. ಹೇಳಿದ್ದರಲ್ಲಿ ಸರಿಹೋದದ್ದು ನೆನಪಿನಲ್ಲಿ ಉಳಿಯುತ್ತದೆ, ತಪ್ಪಿದ್ದು ಮರೆತುಹೋಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

1. ಈತ ಕಲಿಸುವುದು ಯೇಸುಕ್ರಿಸ್ತರ ಶುಭಸಂದೇಶವನ್ನೋ, ತನ್ನ ಹೊಸ ದರ್ಶನವನ್ನೋ? ಖಾಸಗಿ ದರ್ಶನಗಳು ವಿಶ್ವಾಸದ ಭಂಡಾರಕ್ಕೆ ಏನನ್ನೂ ಸೇರಿಸಲಾರವು ಎಂಬುದು ಕಥೋಲಿಕ ಧರ್ಮಬೋಧನೆ.

2. ಹಣದ ಲೆಕ್ಕ ಯಾರಿಗಾದರೂ ಕೊಡುತ್ತಾನೆಯೇ? ಪ್ರಾರ್ಥನೆಗೆ ದರ ಕಟ್ಟುತ್ತಾನೆಯೇ? ಪವಿತ್ರಾತ್ಮರ ವರವನ್ನು ಹಣಕ್ಕೆ ಕೊಳ್ಳಬಂದ ಸಿಮೋನನನ್ನು ಪೇತ್ರನು ಗದರಿಸಿದ್ದು ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿದೆ.

3. ಔಷಧಿ ಬಿಡು ಎನ್ನುತ್ತಾನೆಯೇ? ವೈದ್ಯನನ್ನು ಗೌರವಿಸಬೇಕು, ಔಷಧಿಯೂ ದೇವರ ಸೃಷ್ಟಿ ಎಂಬುದು ಸಿರಾಖನ ಗ್ರಂಥದ 38ನೇ ಅಧ್ಯಾಯದ ಬೋಧನೆ.

4. ಭಯ ಹುಟ್ಟಿಸುತ್ತಾನೆಯೇ? ಶಾಪ, ಮಾಟ, ಪೂರ್ವಿಕರ ದೋಷ ಎಂದು ನೆರೆಯವರನ್ನೋ ಸೊಸೆಯನ್ನೋ ಬೊಟ್ಟು ಮಾಡಿ ತೋರಿಸುತ್ತಾನೆಯೇ?

5. ಕುಟುಂಬದಿಂದ, ಧರ್ಮಕೇಂದ್ರದಿಂದ ನಿಮ್ಮನ್ನು ಬೇರ್ಪಡಿಸುತ್ತಾನೆಯೇ? ಗುಟ್ಟಾಗಿಡಲು ಹೇಳುತ್ತಾನೆಯೇ?

6. ಹೇಳಿದ್ದು ಆಗದಿದ್ದರೆ ತಪ್ಪೊಪ್ಪಿಕೊಳ್ಳುತ್ತಾನೆಯೇ, ಅಥವಾ ನಿಮ್ಮ ವಿಶ್ವಾಸ ಸಾಲದು ಎನ್ನುತ್ತಾನೆಯೇ?

ಈ ಪ್ರಶ್ನೆಗಳು ಬೇರೆ ಸಭೆಗಳ ಸಹೋದರರನ್ನು ಹೀಯಾಳಿಸಲು ಅಲ್ಲ. ಅಲ್ಲಿಯೂ ಪ್ರಾಮಾಣಿಕ ಸೇವಕರಿದ್ದಾರೆ. ನಮ್ಮ ಧ್ಯಾನಕೂಟದ ಬೋಧಕರಿಗೂ, ನಿಲುವಂಗಿ ತೊಟ್ಟ ಧರ್ಮಗುರುಗಳಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ. ಸಂತ ಪೌಲನು ಥೆಸಲೋನಿಕದವರಿಗೆ ಕಲಿಸಿದ್ದೂ ಇದನ್ನೇ: ಪ್ರವಾದನೆಯನ್ನು ತಾತ್ಸಾರ ಮಾಡಬಾರದು, ಆದರೆ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕು.

ಧರ್ಮಕೇಂದ್ರ ಮಾಡಬೇಕಾದದ್ದು

ಮೊದಲು, ಔಷಧಿ ನಿಲ್ಲಿಸಿದವರನ್ನು ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು, ವಾದ ಆಮೇಲೆ. ದಾವಣಗೆರೆ ಎರಡು ವೈದ್ಯಕೀಯ ಕಾಲೇಜುಗಳಿರುವ ನಗರ, ಚಿಕಿತ್ಸೆ ದೂರವಿಲ್ಲ. ಎರಡನೆಯದಾಗಿ, ಕಾನೂನನ್ನು ತಿಳಿದಿರಬೇಕು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ, ತಾಯಿತ, ಮಂತ್ರ ಮುಂತಾದವುಗಳಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗದಂತಹವು ಗುಣವಾಗುತ್ತವೆಂದು ಪ್ರಚಾರ ಮಾಡುವುದನ್ನು ನಿಷೇಧಿಸುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕರ್ನಾಟಕದ 2017ರ ಕಾಯಿದೆಯೂ 2020ರ ಜನವರಿಯಿಂದ ಜಾರಿಯಲ್ಲಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಆ ತಾಯಿ ಆ ಬೋಧಕನನ್ನು ಏಕೆ ನಂಬಿದಳು? ಆತ ಮನೆಗೆ ಬಂದ. ಕುಳಿತು ಅವಳ ಮಾತು ಕೇಳಿದ. ಅವಳ ಹೆಸರು ಹಿಡಿದು ಪ್ರಾರ್ಥಿಸಿದ. ಪರವೂರಿನಲ್ಲಿ ಒಂಟಿಯಾಗಿದ್ದ ಅವಳ ಮನೆಯ ಬಾಗಿಲನ್ನು ವಾಳೆಯ ಗುರಿಕಾರರಾಗಲಿ, ಪಾಲನಾ ಪರಿಷತ್ತಿನ ಸದಸ್ಯರಾಗಲಿ, ನೆರೆಯ ಕಿರು ಸಮುದಾಯದವರಾಗಲಿ ಅದಕ್ಕೆ ಮೊದಲು ತಟ್ಟಿದ್ದರೇ? ಸುಳ್ಳು ಪ್ರವಾದಿ ಬರುವುದು ನಾವು ಹೋಗದೆ ಬಿಟ್ಟ ಮನೆಗೆ.

ಈ ಭಾನುವಾರ ಬಲಿಪೂಜೆಯ ನಂತರ, ನಿಮ್ಮ ವಾಳೆಯಲ್ಲಿ ಬಹುದಿನದಿಂದ ಚರ್ಚಿಗೆ ಬರಲಾಗದ ಒಬ್ಬ ರೋಗಿಯ ಮನೆಗೆ ಹೋಗಿ ಬನ್ನಿ. ಅವರೊಡನೆ ಒಂದು ಜಪಸರ ಹೇಳಿ. ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ವಿಚಾರಿಸಿ.