ಯೂರೋಪಿನ ಸರ್ಕಾರಿ ಕಚೇರಿಗಳಲ್ಲಿ ಹೊಸ ಕ್ರಮಗಳಿಗೆ ಮನ್ನಣೆಯೂ ಪರಸ್ಪರ ಕಲಿಕೆಯೂ

ದನಗಳ ಜಾತ್ರೆಯಲ್ಲಿ ಉತ್ತಮವಾದ ಜೋಡೆತ್ತುಗಳಿಗೆ ಬಹುಮಾನ ಕೊಡುವ ಪದ್ಧತಿಯು ರೈತರೆಲ್ಲರಿಗೂ ತಿಳಿದದ್ದೇ ಆಗಿದೆ. ಬಹುಮಾನ ಪಡೆದವನಿಗೆ ಸಂತೋಷವಾಗುವುದು ಸಹಜ. ಆದರೆ ಅದರ ಮುಖ್ಯ ಪ್ರಯೋಜನವು ಅವನಿಗಿಂತಲೂ ಸುತ್ತ ನಿಂತು ನೋಡುವವರಿಗೆ ಹೆಚ್ಚಾಗಿ ಉಂಟಾಗುವುದು. ಆ ಎತ್ತುಗಳ ತಳಿ ಯಾವುದು, ಕರುವಾಗಿದ್ದಾಗ ಅವಕ್ಕೆ ಎಷ್ಟು ಹಾಲು ಬಿಟ್ಟರು, ಯಾವ ಮೇವು ಹಾಕಿದರು ಎಂದು ಹತ್ತು ಊರಿನ ಜನರು ವಿಚಾರಿಸಿ ತಿಳಿದುಕೊಂಡು ಹೋಗುವರು. ವಿಚಾರಿಸುವವರೇ ಇಲ್ಲದಿದ್ದರೆ ಆ ಬಹುಮಾನವು ಕೊಂಬಿಗೆ ಕಟ್ಟಿದ ಬಣ್ಣದ ಕುಚ್ಚಿನಂತೆ ಬರಿಯ ಅಲಂಕಾರವಾಗಿ ಉಳಿಯುವುದು.

ಈ ತತ್ತ್ವವನ್ನೇ ಯೂರೋಪ್ ಖಂಡದ ರಾಜ್ಯಗಳು ಸರ್ಕಾರಿ ಕಚೇರಿಗಳ ವಿಷಯದಲ್ಲಿಯೂ ಅನುಸರಿಸುತ್ತಿವೆ. ಅಂಗಡಿಯವನು ತೂಕದಲ್ಲಿ ತಪ್ಪಿದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವರು. ಅವನು ತಾನಾಗಿಯೇ ತಿದ್ದಿಕೊಳ್ಳಬೇಕಾಗುವುದು. ಸರ್ಕಾರಿ ಕಚೇರಿಗೆ ಈ ಭಯವಿಲ್ಲ. ಅಲ್ಲಿ ಕೆಲಸವು ನಿಧಾನವಾದರೂ ಜನರು ಅಲ್ಲಿಗೇ ಹೋಗಬೇಕು. ಆದಕಾರಣ ಕಚೇರಿಗಳು ಉತ್ತಮಗೊಳ್ಳಬೇಕಾದರೆ ಬೇರೊಂದು ಪ್ರೇರಣೆ ಅವಶ್ಯಕ. ಒಳ್ಳೆಯ ಕೆಲಸವನ್ನು ಗುರುತಿಸುವುದು, ಒಂದು ಕಚೇರಿಯನ್ನು ಮತ್ತೊಂದರೊಡನೆ ಹೋಲಿಸುವುದು, ಒಬ್ಬರು ಕಂಡುಕೊಂಡದ್ದನ್ನು ಎಲ್ಲರಿಗೂ ತಿಳಿಸುವುದು, ಇವೇ ಆ ಪ್ರೇರಣೆಗಳು. ಇವುಗಳಿಂದ ಅಲ್ಲಿ ಉಂಟಾದ ಪ್ರಯೋಜನವನ್ನೂ ಕಂಡುಬಂದ ಕುಂದುಗಳನ್ನೂ ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಬಹುಮಾನದ ಏರ್ಪಾಡು

ನೆದರ್ಲೆಂಡ್ಸ್ ದೇಶದ ಮಾಸ್ಟ್ರಿಕ್ಟ್ ನಗರದಲ್ಲಿ ಸಾರ್ವಜನಿಕ ಆಡಳಿತದ ಯೂರೋಪಿಯನ್ ಸಂಸ್ಥೆಯೆಂಬ ಶಿಕ್ಷಣಸಂಸ್ಥೆಯೊಂದು 1981ರಲ್ಲಿ ಸ್ಥಾಪಿತವಾಯಿತು. ನಾನಾ ರಾಜ್ಯಗಳ ಅಧಿಕಾರಿಗಳು ಇಲ್ಲಿ ಸೇರಿ ಆಡಳಿತಕ್ರಮವನ್ನು ಅಭ್ಯಾಸ ಮಾಡುವರು. ಜರ್ಮನಿಯ ಬರ್ಟೆಲ್ಸ್‌ಮನ್ ಪ್ರತಿಷ್ಠಾನವು 2007ರಲ್ಲಿ ಆರಂಭಿಸಿದ ಯೂರೋಪಿಯನ್ ಸಾರ್ವಜನಿಕ ವಲಯದ ಪ್ರಶಸ್ತಿಯನ್ನು 2009ರಿಂದ ಈ ಸಂಸ್ಥೆಯು ವಹಿಸಿಕೊಂಡು, ಎರಡು ವರ್ಷಗಳಿಗೊಮ್ಮೆ ನಡೆಸತೊಡಗಿತು.

ಪ್ರತಿ ಸಲವೂ ಒಂದು ವಿಷಯವನ್ನು ಗೊತ್ತುಮಾಡಿ ಅರ್ಜಿಗಳನ್ನು ಆಹ್ವಾನಿಸುವರು. ಯೂರೋಪು ಹಣದ ಮುಗ್ಗಟ್ಟಿನಲ್ಲಿದ್ದ 2013ರಲ್ಲಿ, ಕಷ್ಟಕಾಲವನ್ನು ದಾಟಲು ಕಚೇರಿಗಳು ಕಂಡುಕೊಂಡ ಉಪಾಯಗಳೇ ವಿಷಯವಾಗಿದ್ದುವು. ರಾಜಧಾನಿಯ ಮಂತ್ರಾಲಯಗಳಂತೆಯೇ ಸಣ್ಣ ಪೌರಸಭೆಗಳೂ ಅರ್ಜಿ ಹಾಕಬಹುದು. ಅರ್ಜಿಗಳನ್ನು ಮೊದಲು ಪರಿಣತರು ಪರಿಶೀಲಿಸುವರು. ಅನಂತರ, ಆಯ್ದ ಕಚೇರಿಗಳಿಗೆ ಪರೀಕ್ಷಕರು ಖುದ್ದಾಗಿ ಹೋಗಿ, ಬರೆದಿರುವುದು ನಿಜವೇ ಎಂದು ಸ್ಥಳದಲ್ಲಿಯೇ ನೋಡುವರು. ಕೊನೆಗೆ ತೀರ್ಪುಗಾರರ ಮಂಡಲಿಯು ನಿರ್ಣಯಿಸುವುದು. ಈ ಕ್ರಮದಲ್ಲಿ ಸ್ಥಳಪರೀಕ್ಷೆಯೇ ಸಾರವಾದದ್ದು. ಕಾಗದದ ಮೇಲೆ ಬೆಳೆದ ಪೈರಿಗೂ ಹೊಲದಲ್ಲಿ ಬೆಳೆದ ಪೈರಿಗೂ ಇರುವ ಅಂತರವನ್ನು ರೈತರಿಗೆ ಹೇಳಿಕೊಡಬೇಕಾದದ್ದಿಲ್ಲ.

ತನ್ನನ್ನು ತಾನೇ ಅಳೆಯುವ ಕ್ರಮ

ಬಹುಮಾನವು ಕೆಲವರಿಗೆ ಮಾತ್ರ ದೊರೆಯತಕ್ಕದ್ದು. ಉಳಿದ ಸಾವಿರಾರು ಕಚೇರಿಗಳ ಗತಿಯೇನು? ಇದಕ್ಕಾಗಿ ಯೂರೋಪಿಯನ್ ಒಕ್ಕೂಟದ ರಾಜ್ಯಗಳು ಸಾಮಾನ್ಯ ಮೌಲ್ಯಮಾಪನ ಚೌಕಟ್ಟು ಎಂಬ ಸಾಧನವನ್ನು ರಚಿಸಿ, 2000ದಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಕಟಿಸಿದುವು. ಅನುಭವಕ್ಕೆ ತಕ್ಕಂತೆ ಇದನ್ನು 2002, 2006, 2013 ಮತ್ತು 2020ರಲ್ಲಿ ತಿದ್ದಲಾಯಿತು.

ಇದರಲ್ಲಿ ಒಟ್ಟು 9 ಶೀರ್ಷಿಕೆಗಳುಂಟು. ಮೊದಲಿನ 5, ಕೆಲಸ ನಡೆಸುವ ರೀತಿಯನ್ನು ಕುರಿತವು: ಮೇಲಧಿಕಾರಿಗಳ ನಡತೆ, ಯೋಜನೆ, ನೌಕರರ ವ್ಯವಸ್ಥೆ, ಪಾಲುದಾರಿಕೆ ಮತ್ತು ಸಂಪನ್ಮೂಲ, ಕಾರ್ಯಕ್ರಮ. ಉಳಿದ 4, ಫಲವನ್ನು ಕುರಿತವು: ಕಚೇರಿಗೆ ಬರುವ ಜನರಿಗೆ ಆದ ಪ್ರಯೋಜನ, ನೌಕರರ ಸಮಾಧಾನ, ಸಮಾಜಕ್ಕೆ ಆದ ಹಿತ, ಕಚೇರಿಯ ಮುಖ್ಯ ಸಾಧನೆಗಳು. ಕಚೇರಿಯ ನೌಕರರೇ ಕಲೆತು ಕುಳಿತು, ಪ್ರತಿಯೊಂದಕ್ಕೂ ಆಧಾರಸಹಿತವಾಗಿ ಅಂಕಗಳನ್ನು ಹಾಕಿಕೊಳ್ಳುವರು. ಆಮೇಲೆ, ಅಪೇಕ್ಷಿಸಿದಲ್ಲಿ, ಬೇರೆ ಕಚೇರಿಗಳಿಂದ ಬಂದ ಸಮಾನಸ್ಕಂಧರು ಆ ಪರೀಕ್ಷೆಯು ಪ್ರಾಮಾಣಿಕವಾಗಿ ನಡೆದಿದೆಯೇ ಎಂದು ನೋಡಿ ಸಲಹೆ ಕೊಡುವರು. ಹೀಗೆ ಬರುವವರು ದಂಡ ಹಾಕುವ ತನಿಖೆಗಾರರಲ್ಲವಾದ್ದರಿಂದ ನೌಕರರು ತಮ್ಮ ಕುಂದುಗಳನ್ನು ಮುಚ್ಚಿಡುವುದು ಕಡಮೆಯಾಗುವುದು.

ಎಸ್ಟೋನಿಯದ ಹುಲ್ಲುಗಾವಲುಗಳು

ಹೊಸ ಕ್ರಮವೆಂದರೇನು, ಅದು ಒಂದು ಕಡೆಯಿಂದ ಮತ್ತೊಂದು ಕಡೆಗೆ ಹೇಗೆ ಹರಡುವುದು ಎಂಬುದಕ್ಕೆ ಬೇಸಾಯಕ್ಕೆ ಸಂಬಂಧಿಸಿದ ಒಂದು ನಿದರ್ಶನವನ್ನು ನೋಡಬಹುದು. ಯೂರೋಪಿಯನ್ ಒಕ್ಕೂಟವು ರೈತರಿಗೆ ಜಮೀನಿನ ವಿಸ್ತೀರ್ಣಕ್ಕನುಸಾರವಾಗಿ ಸಹಾಯಧನವನ್ನು ಕೊಡುತ್ತದೆ. ಒಕ್ಕೂಟದ ಆಯವ್ಯಯದಲ್ಲಿ ಸುಮಾರು ಮೂರನೆಯ ಒಂದು ಪಾಲು ಬೇಸಾಯಕ್ಕೇ ಮೀಸಲಾಗಿದೆ. ಇಷ್ಟು ಹಣವನ್ನು ಹಂಚುವಾಗ, ರೈತನು ಹೇಳಿದಷ್ಟು ಜಮೀನು ನಿಜವಾಗಿ ಇದೆಯೇ, ಷರತ್ತಿನಂತೆ ಸಾಗುವಳಿಯಾಗಿದೆಯೇ ಎಂದು ನೋಡಬೇಕಷ್ಟೆ. ಇದಕ್ಕಾಗಿ 1992ರಲ್ಲಿ ಎಲ್ಲಾ ರಾಜ್ಯಗಳಿಗೂ ಏಕರೂಪವಾದ ಲೆಕ್ಕ ಮತ್ತು ತನಿಖೆಯ ಕ್ರಮವನ್ನು ಏರ್ಪಡಿಸಿದರು. ಸಾಮಾನ್ಯವಾಗಿ ನೂರು ಅರ್ಜಿದಾರರಲ್ಲಿ 5 ಮಂದಿಯ ಜಮೀನುಗಳನ್ನು ಇನ್‌ಸ್ಪೆಕ್ಟರುಗಳು ಹೋಗಿ ಅಳೆದು ನೋಡುತ್ತಿದ್ದರು. ಉಳಿದ 95 ಮಂದಿಯ ಜಮೀನನ್ನು ಆ ವರ್ಷ ಯಾರೂ ನೋಡುತ್ತಿರಲಿಲ್ಲ. ತನಿಖೆಗೆ ಸಿಕ್ಕಿದವನಿಗೆ, ತಪ್ಪು ಕಂಡುಬಂದರೆ, ತಿದ್ದಿಕೊಳ್ಳುವ ಕಾಲವು ಮೀರಿಹೋಗಿರುತ್ತಿತ್ತು.

ಎಸ್ಟೋನಿಯವು ಬಾಲ್ಟಿಕ್ ಸಮುದ್ರತೀರದ ಒಂದು ಸಣ್ಣ ರಾಜ್ಯ. ಜನಸಂಖ್ಯೆ ಸುಮಾರು 13 ಲಕ್ಷ. ಅಲ್ಲಿನ ಹುಲ್ಲುಗಾವಲುಗಳನ್ನು ಕೊಯ್ಯದೆ ಅಥವಾ ದನಗಳಿಂದ ಮೇಯಿಸದೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಪೊದೆಗಳು ಬೆಳೆದು ಕಾಡಾಗುವುವು. ಆದಕಾರಣ ಗೊತ್ತಾದ ದಿನದೊಳಗೆ ಹುಲ್ಲನ್ನು ಕೊಯ್ಯಬೇಕೆಂಬುದು ಸಹಾಯಧನದ ಷರತ್ತುಗಳಲ್ಲೊಂದು. ಅಲ್ಲಿನ ವ್ಯವಸಾಯ ದಾಖಲೆಗಳ ಇಲಾಖೆಯು ಟಾರ್ಟು ನಗರದ ವಿಜ್ಞಾನಿಗಳೊಡನೆ ಕಲೆತು, ಆಕಾಶದಲ್ಲಿ ಸುತ್ತುವ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳಿಂದಲೇ ಕೊಯ್ಲನ್ನು ಗುರುತಿಸುವ ಸಾಟಿಕಾಸ್ ಎಂಬ ವ್ಯವಸ್ಥೆಯನ್ನು 2018ರಲ್ಲಿ ಉಪಯೋಗಕ್ಕೆ ತಂದಿತು.

ಅದು ಕೆಲಸ ಮಾಡುವ ರೀತಿ ಹೇಗೆಂದರೆ: ಒಂದು ಬಗೆಯ ಉಪಗ್ರಹವು ಬೆಳಕಿನಲ್ಲಿ ಚಿತ್ರ ತೆಗೆಯುವುದು, ಹುಲ್ಲು ಕೊಯ್ದೊಡನೆ ಗಾವಲಿನ ಹಸಿರು ಕುಗ್ಗಿರುವುದು ಚಿತ್ರದಲ್ಲಿ ತಿಳಿಯುವುದು. ಮೋಡ ಕವಿದಾಗ ಇದು ನಿಷ್ಪ್ರಯೋಜಕ. ಮತ್ತೊಂದು ಬಗೆಯ ಉಪಗ್ರಹವು ಮೋಡವನ್ನು ಭೇದಿಸುವ ರೇಡಾರ್ ಅಲೆಗಳನ್ನು ಕಳುಹಿಸುವುದು. ಎತ್ತರವಾದ ಹುಲ್ಲು ಗಾಳಿಗೆ ಅಲ್ಲಾಡುತ್ತಿರುವುದರಿಂದ, ಹಿಂದಿರುಗುವ ಅಲೆಗಳು ಒಂದು ಸಲ ಇದ್ದಂತೆ ಮತ್ತೊಂದು ಸಲ ಇರವು. ಕೊಯ್ದ ಮೇಲೆ ನೆಲವು ನಿಶ್ಚಲವಾಗಿರುವುದರಿಂದ ಅಲೆಗಳು ಒಂದೇ ರೀತಿಯಾಗಿ ಬರುವುವು. ಈ ಎರಡು ಗುರುತುಗಳನ್ನೂ ಕೂಡಿಸಿ ಕಂಪ್ಯೂಟರು ನಿರ್ಣಯಿಸುವುದು.

ಇಲ್ಲಿ ಯಂತ್ರಕ್ಕಿಂತಲೂ ಹೆಚ್ಚಾಗಿ ಗಮನಿಸತಕ್ಕದ್ದು ಅದರ ಉಪಯೋಗದ ರೀತಿ. ಕೊಯ್ಲು ಕಾಣದ ರೈತನಿಗೆ ಗಡುವು ಮುಗಿಯುವುದಕ್ಕೆ ಮುಂಚೆಯೇ ಇಲಾಖೆಯಿಂದ ಎಚ್ಚರಿಕೆಯ ಸಂದೇಶ ಹೋಗುವುದು. ಅವನು ಹೋಗಿ ಹುಲ್ಲು ಕೊಯ್ದರೆ ಯಾವ ಬಾಧಕವೂ ಇಲ್ಲ. ಸಂಶಯವಿದ್ದಲ್ಲಿ ಮಾತ್ರ ಇನ್‌ಸ್ಪೆಕ್ಟರು ಸ್ಥಳಕ್ಕೆ ಹೋಗುವನು. ತಪ್ಪು ಹಿಡಿಯುವುದಕ್ಕಾಗಿ ಇದ್ದ ತನಿಖೆಯು ಈ ರೀತಿಯಲ್ಲಿ ತಪ್ಪು ಆಗದಂತೆ ನೋಡುವ ತನಿಖೆಯಾಗಿ ಮಾರ್ಪಟ್ಟಿತು.

ಕಲಿತದ್ದನ್ನು ಹಂಚಿಕೊಂಡ ಬಗೆ

ಇದೇ ಕಾಲದಲ್ಲಿ ಇತರ ರಾಜ್ಯಗಳಲ್ಲಿಯೂ ಪ್ರಯೋಗಗಳು ನಡೆಯುತ್ತಿದ್ದುವು. ಉಪಗ್ರಹಗಳ ಮೂಲಕ ಮೇಲ್ವಿಚಾರಣೆ ನಡೆಸಲು 2018ರ ಮೇ ತಿಂಗಳಿನಲ್ಲಿ ನಿಯಮವು ತಿದ್ದುಪಡಿಯಾದೊಡನೆ, ಆ ವರ್ಷವೇ ಇಟಲಿ ದೇಶದ ಫೊಜ್ಜಾ ಪ್ರಾಂತವು ಅದನ್ನು ಮೊಟ್ಟಮೊದಲು ಅನುಸರಿಸಿತು. ಯೂರೋಪಿಯನ್ ಅಂತರಿಕ್ಷ ಸಂಸ್ಥೆಯು 2017ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ ಜೆಕ್ ಗಣರಾಜ್ಯ, ಇಟಲಿ, ಲಿಥುವೇನಿಯ, ನೆದರ್ಲೆಂಡ್ಸ್, ರೊಮೇನಿಯ ಮತ್ತು ಸ್ಪೇನ್ ಎಂಬ 6 ರಾಜ್ಯಗಳ ಕಚೇರಿಗಳು ಭಾಗವಹಿಸಿದುವು. ಅದರಲ್ಲಿ ಸಿದ್ಧವಾದ ಗಣಕಸಾಧನಗಳನ್ನು ಯಾರು ಬೇಕಾದರೂ ಉಚಿತವಾಗಿ ತೆಗೆದುಕೊಂಡು ಉಪಯೋಗಿಸಬಹುದು. ಉಪಗ್ರಹಗಳ ಚಿತ್ರಗಳಿಗೂ ಬೆಲೆಯಿಲ್ಲ.

ಆದರೂ ಹರಡುವಿಕೆಯು ಒಮ್ಮೆಗೇ ಆಗಲಿಲ್ಲ. 2019ರಲ್ಲಿ ಈ ಕ್ರಮವನ್ನು ಕೆಲವು ಬಾಬುಗಳಿಗಾದರೂ ಅನುಸರಿಸಿದ ಸಹಾಯಧನದ ಕಚೇರಿಗಳು 15 ಮಾತ್ರ ಎಂದು ಒಕ್ಕೂಟದ ಲೆಕ್ಕಪರಿಶೋಧಕರು 2020ರ ವರದಿಯಲ್ಲಿ ತಿಳಿಸಿದರು. ತಮ್ಮ ನಿರ್ಣಯವನ್ನು ಮೇಲಿನವರು ಮುಂದೆ ಒಪ್ಪದೆ ಹೋದರೆ ಏನು ಗತಿಯೆಂಬ ಅಂಜಿಕೆಯೂ, ಹಳೆಯ ಲೆಕ್ಕದ ಕ್ರಮವನ್ನು ಬದಲಾಯಿಸುವ ಶ್ರಮವೂ ಅಡ್ಡಬಂದಿದ್ದುವು. 2023ರಿಂದ ಈ ಮೇಲ್ವಿಚಾರಣೆಯು ಎಲ್ಲಾ ರಾಜ್ಯಗಳಿಗೂ ಕಡ್ಡಾಯವಾಯಿತು.

ಎಸ್ಟೋನಿಯವು ಕೊಟ್ಟ ಮತ್ತೊಂದು ಪಾಠವೂ ಉಂಟು. ಒಂದು ಕಚೇರಿಯಲ್ಲಿರುವ ದಾಖಲೆಯನ್ನು ಮತ್ತೊಂದು ಕಚೇರಿಯು ನೇರವಾಗಿ, ಭದ್ರವಾಗಿ ಪಡೆಯುವ ಎಕ್ಸ್-ರೋಡ್ ಎಂಬ ಮಾರ್ಗವನ್ನು ಅದು 2001ರಲ್ಲಿ ಏರ್ಪಡಿಸಿತು. ಇದರಿಂದ ಒಂದೇ ನಕಲನ್ನು ಹತ್ತು ಕಡೆ ಸಲ್ಲಿಸುವ ತೊಂದರೆ ಜನರಿಗೆ ತಪ್ಪಿತು. ನೆರೆಯ ಫಿನ್ಲೆಂಡ್, ತಾನೇ ಬೇರೊಂದನ್ನು ಕಟ್ಟುವುದಕ್ಕೆ ಬದಲಾಗಿ, ಎಸ್ಟೋನಿಯದೊಡನೆ 2013ರಲ್ಲಿ ಒಪ್ಪಂದ ಮಾಡಿಕೊಂಡು ಇದನ್ನೇ ಸ್ವೀಕರಿಸಿತು. 2017ರಲ್ಲಿ ಎರಡು ರಾಜ್ಯಗಳೂ ಸೇರಿ ಇದರ ಮೇಲ್ವಿಚಾರಣೆಗೆ ಒಂದು ಜಂಟಿ ಸಂಸ್ಥೆಯನ್ನು ಸ್ಥಾಪಿಸಿದುವು. ದೊಡ್ಡವನು ಚಿಕ್ಕವನಿಂದ ಕಲಿಯುವುದರಲ್ಲಿ ನಾಚಿಕೆಯಿಲ್ಲವೆಂಬುದಕ್ಕೆ ಇದು ಸಾಕ್ಷಿ.

ರೈತರೂ ಕೇವಲ ಕಲಿಯುವವರಾಗಿ ಉಳಿದಿಲ್ಲ. 2012ರಲ್ಲಿ ಒಕ್ಕೂಟವು ಆರಂಭಿಸಿದ ವ್ಯವಸಾಯ ಪಾಲುದಾರಿಕೆಯಲ್ಲಿ ರೈತರು, ವಿಜ್ಞಾನಿಗಳು ಮತ್ತು ಸಲಹೆಗಾರರು ಒಂದೊಂದು ಸಮಸ್ಯೆಗೆ ಒಂದೊಂದು ತಂಡವನ್ನು ಕಟ್ಟಿಕೊಂಡು ಪರಿಹಾರವನ್ನು ಹುಡುಕುವರು. ಹೀಗೆ 3,000ಕ್ಕೂ ಮಿಕ್ಕ ತಂಡಗಳು ಕೆಲಸ ಮಾಡಿವೆ. ಸರ್ಕಾರದ ಹಣ ಪಡೆದ ತಂಡವು ತನಗೆ ದೊರೆತ ಫಲವನ್ನು ಎಲ್ಲರಿಗೂ ಪ್ರಕಟಪಡಿಸತಕ್ಕದ್ದೆಂಬುದು ನಿಯಮ.

ಎಚ್ಚರಿಕೆಯ ಮಾತು

ಎಲ್ಲಾ ಹೊಸ ಕ್ರಮಗಳೂ ಎಲ್ಲಾ ಕಡೆಗೂ ಒಪ್ಪುವುದಿಲ್ಲ. ಸೆಂಟಿನೆಲ್ ಚಿತ್ರದಲ್ಲಿ ಕಾಣುವ ಅತಿಸಣ್ಣ ಚೌಕವು ನೆಲದ ಮೇಲೆ 10 ಮೀಟರು ಉದ್ದ, 10 ಮೀಟರು ಅಗಲ ಇರುವುದು; ಅಂದರೆ ಹೆಚ್ಚು ಕಡಮೆ ಒಂದು ಗುಂಟೆ. ನೂರು ಎಕರೆಯ ಗಾವಲಿಗೆ ಇಂತಹ ಚೌಕಗಳು 4,000 ದೊರೆಯುವುವು. ತಪ್ಪಿಗೆ ಅವಕಾಶ ಕಡಮೆ. ಹತ್ತು ಗುಂಟೆಯ ಹಿಡುವಳಿಗೆ ಹತ್ತೇ ಚೌಕಗಳು. ಅವುಗಳಲ್ಲಿಯೂ ಬಹುಪಾಲು ಬದುವಿನ ಮೇಲೂ ಪಕ್ಕದವನ ಹೊಲದ ಮೇಲೂ ಬೀಳುವುವು. ಆದುದರಿಂದ ಸಣ್ಣ ಹಿಡುವಳಿಗಾರರ ವಿಷಯದಲ್ಲಿ ಯಂತ್ರದ ಮಾತೇ ಕೊನೆಯ ಮಾತಾಗಕೂಡದು. ಇಂತಹ ಕಡೆ ರೈತನೇ ಸ್ಥಳದ ಗುರುತುಳ್ಳ ಚಿತ್ರವನ್ನು ತನ್ನ ಫೋನಿನಿಂದ ತೆಗೆದು ಕಳುಹಿಸಲು ಅವಕಾಶ ಮಾಡಿರುತ್ತಾರೆ.

ಈ ಎಚ್ಚರಿಕೆಯನ್ನು ಮರೆತರೆ ಏನಾಗುವುದೆಂಬುದು ನೆದರ್ಲೆಂಡ್ಸ್ ದೇಶದಲ್ಲಿಯೇ ಕಂಡುಬಂದಿತು. ಉತ್ತಮ ಆಡಳಿತಕ್ಕೆ ಹೆಸರಾದ ಆ ರಾಜ್ಯದ ತೆರಿಗೆ ಇಲಾಖೆಯು, ಮಕ್ಕಳ ಪಾಲನೆಗಾಗಿ ಕೊಡುತ್ತಿದ್ದ ಸಹಾಯಧನದಲ್ಲಿ ಮೋಸವನ್ನು ಹಿಡಿಯಲು ಗಣಕಯಂತ್ರದ ಅಂದಾಜನ್ನೂ ಉಪಯೋಗಿಸಿತು. ರುಜು ಬಿಟ್ಟುಹೋದಂತಹ ಅಲ್ಪದೋಷಗಳಿಗೂ ಸಾವಿರಾರು ಕುಟುಂಬಗಳಿಂದ ಪೂರ್ತ ಹಣವನ್ನು ಹಿಂದಕ್ಕೆ ಕೇಳಲಾಯಿತು. ಅನೇಕರು ಸಾಲದಲ್ಲಿ ಮುಳುಗಿದರು. ಅವರ ಮೊರೆಯನ್ನು ಬಹುಕಾಲ ಯಾರೂ ಕೇಳಲಿಲ್ಲ. ಪಾರ್ಲಿಮೆಂಟಿನ ಸಮಿತಿಯು 2020ರ ಡಿಸೆಂಬರಿನಲ್ಲಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ವರ್ಣಿಸಿತು. 2021ರ ಜನವರಿ 15ರಂದು ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು. ಎಸ್ಟೋನಿಯದಲ್ಲಿ ಯಂತ್ರವು ರೈತನನ್ನು ಮುಂಚಿತವಾಗಿ ಎಚ್ಚರಿಸಿತು. ಇಲ್ಲಿ ಯಂತ್ರವು ಕುಟುಂಬಗಳನ್ನು ಮುಂಚಿತವಾಗಿಯೇ ಶಂಕಿಸಿತು. ಉದ್ದೇಶದಲ್ಲಿಯೇ ಇದ್ದ ಈ ಭೇದದಿಂದ ಫಲವೂ ಬೇರೆಯಾಯಿತು.

ಬಹುಮಾನದ ಪದ್ಧತಿಯಲ್ಲಿಯೂ ಒಂದು ಕೊರತೆಯುಂಟು. ಗೆದ್ದವರ ಕಥೆಯನ್ನು ಎಲ್ಲರೂ ಕೇಳುವರು. ಸೋತವರು ಅರ್ಜಿಯನ್ನೇ ಹಾಕುವುದಿಲ್ಲ. ಬಿತ್ತಿದ ಬೀಜವು ಮೊಳೆಯದಿದ್ದರೆ ಅದರ ಕಾರಣವನ್ನು ತಿಳಿದು ನೆರೆಯವರಿಗೆ ಹೇಳುವುದೂ, ಹುಲುಸಾದ ಬೆಳೆಯ ಗುಟ್ಟನ್ನು ಹೇಳಿದಷ್ಟೇ ಉಪಕಾರ. ಈ ದೃಷ್ಟಿಯಿಂದ ನೋಡಿದರೆ ಲೆಕ್ಕಪರಿಶೋಧಕರ ವರದಿಗಳೂ ಪಾರ್ಲಿಮೆಂಟಿನ ವಿಚಾರಣೆಗಳೂ ಪ್ರಶಸ್ತಿಗಳಿಗಿಂತ ಕಡಮೆಯಾದ ಪಾಠಗಳಲ್ಲ.

ಗಮನಿಸತಕ್ಕ ಅಂಶಗಳು

ಗ್ರಾಮದ ಮುಖಂಡರೂ ಜಮೀನ್ದಾರರೂ ಮೇಲಣ ವೃತ್ತಾಂತದಿಂದ ಈ ಕೆಳಕಂಡ ಅಂಶಗಳನ್ನು ಗ್ರಹಿಸಬಹುದು.

1. ಉತ್ತಮ ಕೆಲಸಕ್ಕೆ ಮನ್ನಣೆ ಕೊಡುವ ಮುಂಚೆ ಅದನ್ನು ಸ್ಥಳದಲ್ಲಿಯೇ ಕಣ್ಣಾರೆ ನೋಡತಕ್ಕದ್ದು.

2. ಮನ್ನಣೆ ಪಡೆದವನು ತನ್ನ ಕ್ರಮವನ್ನು ಇತರರಿಗೆ ಮರೆಮಾಚದೆ ತಿಳಿಸಲೇಬೇಕೆಂಬ ಕಟ್ಟು ಇರಬೇಕು.

3. ತಪ್ಪನ್ನು ಹುಡುಕುವುದಕ್ಕಿಂತಲೂ, ತಪ್ಪಾಗುವ ಮುಂಚೆ ಎಚ್ಚರಿಸುವುದು ಮೇಲು.

4. ಬೇರೊಂದು ಸೀಮೆಯಲ್ಲಿ ಫಲಿಸಿದ ಕ್ರಮವನ್ನು ಸಣ್ಣ ಹಿಡುವಳಿಗಳಲ್ಲಿ ಅನುಸರಿಸುವ ಮುಂಚೆ ಸ್ವಲ್ಪ ಜಾಗದಲ್ಲಿ ಪರೀಕ್ಷಿಸಿ ನೋಡಬೇಕು.

5. ಯಂತ್ರವು ಎಷ್ಟೇ ಸೂಕ್ಷ್ಮವಾಗಿದ್ದರೂ, ಜನರ ಮೊರೆಯನ್ನು ಕೇಳುವ ಮನುಷ್ಯನೊಬ್ಬನು ಕಚೇರಿಯಲ್ಲಿ ಇರಲೇಬೇಕು.

ಮುಂದಿನ ಜಾತ್ರೆಯಲ್ಲಿ ಬಹುಮಾನ ಪಡೆದ ಎತ್ತುಗಳನ್ನು ಕಂಡಾಗ ಅವುಗಳನ್ನು ಹೊಗಳಿ ಸುಮ್ಮನಾಗದೆ, ಸಾಕಿದವನನ್ನು ಹತ್ತಿರಕ್ಕೆ ಕರೆದು ನಾಲ್ಕು ಪ್ರಶ್ನೆಗಳನ್ನು ಕೇಳುವ ರೈತನೇ ಆ ಬಹುಮಾನದ ನಿಜವಾದ ಲಾಭವನ್ನು ಮನೆಗೆ ಕೊಂಡೊಯ್ಯುವನು.