ರೈಸ್ಡಿಕ್ಕನ ಅಶ್ವವಂಶ

ಸಾರಥಿಯು ಕುದುರೆಯ ಬೆನ್ನೇರದೆ, ಅದರ ಹಿಂದೆ ಎರಡು ಗಾಲಿಗಳ ಹಗುರವಾದ ಗಾಡಿಯಲ್ಲಿ ಕುಳಿತು ಲಗಾಮು ಹಿಡಿಯುವ, ಕುದುರೆಯಾದರೋ ಒಂದು ಮುಂಗಾಲನ್ನೂ ಎದುರು ಮಗ್ಗುಲಿನ ಹಿಂಗಾಲನ್ನೂ ಜೊತೆಯಾಗಿ ಎತ್ತಿಡುವ ‘ಟ್ರಾಟ್’ ನಡೆಯಲ್ಲಿಯೇ ಧಾವಿಸಬೇಕಾದ ಪಂದ್ಯಕ್ಕೆ ಹಾರ್ನೆಸ್ ರೇಸ್ ಎಂದು ಹೆಸರು. ಆವೇಶಗೊಂಡು ನಾಗಾಲೋಟಕ್ಕೆ ತೊಡಗಿದ ಕುದುರೆಯನ್ನು ಕೂಡಲೇ ಬಿಗಿಹಿಡಿದು ಮೊದಲಿನ ನಡೆಗೆ ತಾರದಿದ್ದರೆ ಪಂದ್ಯವೇ ಕೈತಪ್ಪುವುದು. ಇಂಥ ಸಂಯಮವನ್ನು ಶಿಕ್ಷಣವು ತಿದ್ದಬಲ್ಲುದಾದರೂ, ಅದರ ಬೀಜವು ರಕ್ತದಲ್ಲಿಯೇ ಇರಬೇಕು. ಆ ರಕ್ತವನ್ನು ಅಮೆರಿಕದ ಪಂದ್ಯಗಳಿಗೆ ಒದಗಿಸಿಕೊಟ್ಟ ಕೀರ್ತಿಯು ನ್ಯೂಯಾರ್ಕ್ ಸಂಸ್ಥಾನದ ಆರೆಂಜ್ ಕೌಂಟಿಯಲ್ಲಿ ಪರರ ಹೊಲದಲ್ಲಿ ದುಡಿಯುತ್ತಿದ್ದ ವಿಲಿಯಂ ರೈಸ್ಡಿಕ್ಕನಿಗೆ ಸಲ್ಲುತ್ತದೆ.

1849ರ ಮೇ 5ರಂದು ಶುಗರ್ ಲೋಫ್ ಗ್ರಾಮದಲ್ಲಿ, ರೈಸ್ಡಿಕ್ಕನ ಒಡೆಯನಾದ ಜೋನಸ್ ಸೀಲಿಯ ಲಾಯದಲ್ಲಿ ಗಂಡುಮರಿಯೊಂದು ಹುಟ್ಟಿತು. ತಾಯಿಯು ಕುಂಟುಬಿದ್ದ ಕುದುರೆ. ತಂದೆ ಅಬ್ದಲ್ಲಾ ಕುರೂಪಕ್ಕೂ ಮುಂಗೋಪಕ್ಕೂ ಹೆಸರಾದುದು. ಆದರೆ 1788ರಲ್ಲಿ ಇಂಗ್ಲೆಂಡಿನಿಂದ ಫಿಲಡೆಲ್ಫಿಯಕ್ಕೆ ಬಂದಿಳಿದ ಮೆಸೆಂಜರ್ ಎಂಬ ಥರೋಬ್ರೆಡ್ ಕುದುರೆಯ ರಕ್ತವು ಅಬ್ದಲ್ಲಾನಲ್ಲಿಯೂ, ಟ್ರಾಟ್ ನಡೆಗೆ ಪ್ರಖ್ಯಾತವಾದ ನಾರ್ಫೋಕ್ ತಳಿಯ ಬೆಲ್‌ಫೌಂಡರಿನ ರಕ್ತವು ತಾಯಿಯಲ್ಲಿಯೂ ಹರಿಯುತ್ತಿದ್ದಿತು. ತನ್ನ ಸಂಪಾದನೆಗೆ ಮೀರಿದ ಬೆಲೆಯೇ ಆದರೂ, ರೈಸ್ಡಿಕ್ಕನು 125 ಡಾಲರಿಗೆ ತಾಯಿಮರಿಗಳೆರಡನ್ನೂ ಕೊಂಡುಕೊಂಡು ಮರಿಗೆ ಹ್ಯಾಂಬಲ್ಟೋನಿಯನ್ ಎಂದು ಹೆಸರಿಟ್ಟನು.

ಬೆಳೆದುನಿಂತ ಆ ಕುದುರೆಯ ಮೈಕಟ್ಟು ವಿಲಕ್ಷಣವಾದುದು: ಭುಜಕ್ಕಿಂತ ಹಿಂಭಾಗವು ಸುಮಾರು ಎರಡು ಅಂಗುಲ ಎತ್ತರ. ಚೆಲುವಿನ ದೃಷ್ಟಿಯಿಂದ ಊನವೆನ್ನಬಹುದಾದ ಈ ಇಳಿಜಾರೇ ಹಿಂಗಾಲುಗಳಿಗೆ ನೀಳವಾದ ಹೆಜ್ಜೆಯನ್ನೂ ಮುನ್ನೂಕುವ ಬಲವನ್ನೂ ಒದಗಿಸಿತೆಂದು ಬಲ್ಲವರು ವಿವರಿಸಿದರು. 1852ರಲ್ಲಿ ಲಾಂಗ್ ಐಲೆಂಡಿನ ಯೂನಿಯನ್ ಕೋರ್ಸ್ ಮೈದಾನದಲ್ಲಿ ಒಂದು ಮೈಲಿಯನ್ನು 2 ನಿಮಿಷ 48½ ಸೆಕೆಂಡುಗಳಲ್ಲಿ ಓಡಿ ತೋರಿಸಿದ ಮೇಲೆ, ಒಡೆಯನು ಅದನ್ನು ಪಂದ್ಯಗಳಲ್ಲಿ ಸವೆಯಿಸದೆ ಸಂತಾನಕ್ಕೆ ಮೀಸಲಿರಿಸಿದನು. ಗೆಲುವಿನ ತತ್‌ಕ್ಷಣದ ಹೊಗಳಿಕೆಯನ್ನು ಬಿಟ್ಟುಕೊಟ್ಟ ಈ ನಿರ್ಧಾರದಲ್ಲಿಯೇ ತಳಿಗಾರನ ವಿವೇಕವಿದೆ. ಆರಂಭದಲ್ಲಿ ಅದನ್ನು ಹಾಯಿಸಿದ್ದಕ್ಕೆ ದೊರೆಯುತ್ತಿದ್ದುದು ಅಲ್ಪ ಶುಲ್ಕ. ಮರಿಗಳ ಕೀರ್ತಿ ಹಬ್ಬಿದಂತೆ ಅದು 500 ಡಾಲರಿಗೇರಿತು. 1867ರಲ್ಲಿ ಅದರ ಮಗನಾದ ಡೆಕ್ಸ್‌ಟರ್ ಒಂದು ಮೈಲಿಯನ್ನು 2 ನಿಮಿಷ 17¼ ಸೆಕೆಂಡುಗಳಲ್ಲಿ ಓಡಿ ದೇಶವನ್ನೇ ಬೆರಗುಗೊಳಿಸಿತು. 1851ರಿಂದ 1875ರವರೆಗೆ ಹ್ಯಾಂಬಲ್ಟೋನಿಯನ್ನಿಗೆ ಹುಟ್ಟಿದ ಮರಿಗಳು 1,331.

ಕೂಲಿಯಾಳಾಗಿದ್ದ ರೈಸ್ಡಿಕ್ಕನು ಕುದುರೆಯ ದುಡಿಮೆಯಿಂದಲೇ ಶ್ರೀಮಂತನಾಗಿ 1870ರಲ್ಲಿ ತೀರಿಕೊಂಡನು. ಕುದುರೆ 1876ರವರೆಗೆ ಬದುಕಿದ್ದಿತು. 1879ರಲ್ಲಿ ಟ್ರಾಟ್ ಕುದುರೆಗಳ ತಳಿಗಾರರ ಸಂಘವು ಮೈಲಿಗೆ ಎರಡೂವರೆ ನಿಮಿಷವೆಂಬ ವೇಗದ ಮಟ್ಟವನ್ನು ಗೊತ್ತುಪಡಿಸಿ ‘ಸ್ಟ್ಯಾಂಡರ್ಡ್‌ಬ್ರೆಡ್’ ತಳಿಯನ್ನು ವಿಧಿವತ್ತಾಗಿ ಸ್ಥಾಪಿಸಿದುದನ್ನು ಆತನು ಕಾಣಲಿಲ್ಲ. ಜಾರ್ಜ್ ವಿಲ್ಕ್ಸ್, ಡಿಕ್ಟೇಟರ್, ಹ್ಯಾಪಿ ಮೀಡಿಯಂ, ಎಲೆಕ್ಷನೀಯರ್ ಎಂಬ ನಾಲ್ವರು ಪುತ್ರರ ಮೂಲಕ ಅಮೆರಿಕದ ಬಹುತೇಕ ಎಲ್ಲ ಟ್ರಾಟ್ ಕುದುರೆಗಳ ವಂಶವೃಕ್ಷವೂ ಹ್ಯಾಂಬಲ್ಟೋನಿಯನ್ನಿಗೇ ಬಂದು ಸೇರುತ್ತದೆ. 1926ರಲ್ಲಿ ಅದರ ಹೆಸರಿನಲ್ಲಿ ಆರಂಭವಾದ ಮೂರು ವರ್ಷದ ಕುದುರೆಗಳ ಪಂದ್ಯವು, ಬಹುಕಾಲ ಆರೆಂಜ್ ಕೌಂಟಿಯ ಗೋಷೆನ್ ಪಟ್ಟಣದಲ್ಲಿ ನಡೆದು, 1981ರಿಂದ ನ್ಯೂಜೆರ್ಸಿಯ ಮೆಡೋಲ್ಯಾಂಡ್ಸಿನಲ್ಲಿ ನಡೆಯುತ್ತಿದೆ.

ಶಿಲ್ಪಿಯು ಕೃತಿಯನ್ನು ಮುಗಿಸಿ ಕಣ್ತುಂಬ ನೋಡಬಲ್ಲನು. ತಳಿಗಾರನ ಕೃತಿಯಾದರೋ ಅವನ ಆಯುಸ್ಸಿನಲ್ಲಿ ಮುಗಿಯುವುದೇ ಇಲ್ಲ. ಹಾಗಿದ್ದೂ ವಂಶಾವಳಿ ಬರೆದವರು ಆ ಬಡವನನ್ನು ಮರೆಯಲಿಲ್ಲ: ಅದೇ ಹೆಸರಿನ ಬೇರೆ ಕುದುರೆಗಳೂ ಇದ್ದುದರಿಂದ, ಇದನ್ನು ಅವರು ‘ರೈಸ್ಡಿಕ್ಕನ ಹ್ಯಾಂಬಲ್ಟೋನಿಯನ್’ ಎಂದೇ ದಾಖಲಿಸಿದರು.